ಕಾರವಾರಕ್ಕೆ ಬಂದ ಕಡಲುಗಳ್ಳ ಮತ್ತು ಅವನ ಹಡಗಿನ ವೈದ್ಯ

1701ರ ಮೇ ತಿಂಗಳಲ್ಲಿ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ನಮ್ಮ ಕಾರವಾರದ ಹೆಸರು ಕೇಳಿಬಂತು. ಅದನ್ನು ಹೇಳಿದವನು ರಾಬರ್ಟ್ ಬ್ರಾಡಿನ್‌ಹ್ಯಾಮ್ ಎಂಬ ಶಸ್ತ್ರವೈದ್ಯ. ಕಟಕಟೆಯಲ್ಲಿ ನಿಂತಿದ್ದವನು ಅವನ ಹಳೆಯ ಕಪ್ತಾನ, ಜಗತ್ತಿನ ಕಡಲುಗಳ್ಳರ ಕತೆಗಳಲ್ಲಿ ಇಂದಿಗೂ ಮೊದಲ ಸಾಲಿನಲ್ಲಿರುವ ವಿಲಿಯಂ ಕಿಡ್. ತನ್ನ ಮೇಲಿನ ಮೊಕದ್ದಮೆ ಕೈಬಿಡುವುದಾದರೆ ಕಂಡದ್ದನ್ನೆಲ್ಲ ಹೇಳುತ್ತೇನೆಂದು ಒಪ್ಪಿ ಬಂದಿದ್ದ ಈ ವೈದ್ಯನನ್ನು ಇಂದಿನ ಪತ್ರಿಕೆಗಳ ಭಾಷೆಯಲ್ಲಿ ಮಾಫಿ ಸಾಕ್ಷಿ ಎನ್ನಬಹುದು. ಅದೇ ವರ್ಷ ಅಚ್ಚಾದ ಈ ವಿಚಾರಣೆಯ ವರದಿಯಲ್ಲಿ ಅವನ ಹೇಳಿಕೆ ಇದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಓಡಾಡಿದ ಒಂದು ಕಡಲುಗಳ್ಳರ ಹಡಗಿನ ದಿನಚರಿಯನ್ನು ಒಳಗಿದ್ದವನೇ ಹೇಳಿದ ದಾಖಲೆ ಅದು.

ಕಡಲುಗಳ್ಳರ ಬಗ್ಗೆ ಬರೆದವರಲ್ಲಿ ವೈದ್ಯರು ಎದ್ದು ಕಾಣುವುದು ಆಕಸ್ಮಿಕವಲ್ಲ. ಹಡಗಿನಲ್ಲಿ ಓದುಬರಹ ಬಲ್ಲವರು ಕೆಲವರೇ. ವೈದ್ಯ ಹೋರಾಟದಲ್ಲಿ ಮುಂದೆ ನಿಲ್ಲುವವನಲ್ಲ. ಹಡಗಿನ ಕೆಳಗಿನ ಮಜಲಿನಲ್ಲಿ ಗರಗಸ, ದಾರ, ಕಾಯಿಸಿದ ಕಬ್ಬಿಣ ಹಿಡಿದು ಕಾಯುವವನು. ಅವನು ಕತ್ತಿ ಎತ್ತದಿದ್ದರೂ ಎತ್ತಿದವರ ಪರಿಣಾಮವೆಲ್ಲ ಕೊನೆಗೆ ಅವನ ಮುಂದೆಯೇ ಬಂದು ಮಲಗುತ್ತದೆ. ಅವನು ಬೇಕಾದವನೂ ಹೌದು. ಆದ್ದರಿಂದ ಬಡಗಿ, ವೈದ್ಯ ಇವರಿಬ್ಬರನ್ನು ಕಡಲುಗಳ್ಳರು ಹಿಡಿದ ಹಡಗುಗಳಿಂದ ಬಲವಂತವಾಗಿಯಾದರೂ ಎಳೆದುಕೊಂಡು ಹೋಗುತ್ತಿದ್ದರು.

ಇಂಥವರಲ್ಲಿ ಮೊದಲ ಹೆಸರು ಎಕ್ಸ್‌ಕ್ವೆಮೆಲಿನ್‌ನದು. ಫ್ರೆಂಚ್ ಕಂಪನಿಯ ಜೀತದಾಳಾಗಿ 1666ರಲ್ಲಿ ಕೆರಿಬಿಯನ್ ಸಮುದ್ರದ ಟಾರ್ಟುಗಾ ದ್ವೀಪಕ್ಕೆ ಬಂದವನು ಅವನು. ಕ್ರೂರಿ ಯಜಮಾನನ ಕೈಯಲ್ಲಿ ನಲುಗಿ, ಆಮೇಲೆ ಒಬ್ಬ ಶಸ್ತ್ರವೈದ್ಯನಿಗೆ ಮಾರಲ್ಪಟ್ಟು, ಬಿಡುಗಡೆಯಾದ ಮೇಲೆ ಕಡಲುಗಳ್ಳರ ಜೊತೆ ಸೇರಿದ. ಅವನ ಪುಸ್ತಕ 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಡಚ್ ಭಾಷೆಯಲ್ಲಿ ಬಂತು. ದರೋಡೆಗೆ ಹೊರಡುವ ಮುನ್ನ ಎಲ್ಲರೂ ಕೂಡಿ ಮಾಡಿಕೊಳ್ಳುತ್ತಿದ್ದ ಕರಾರನ್ನು ಅದರಲ್ಲಿ ಅವನು ವಿವರವಾಗಿ ಕೊಡುತ್ತಾನೆ. ಬಲಗೈ ಹೋದರೆ 600 ಸ್ಪ್ಯಾನಿಷ್ ಬೆಳ್ಳಿ ನಾಣ್ಯ, ಎಡಗೈಗೆ 500, ಬಲಗಾಲಿಗೆ 500, ಎಡಗಾಲಿಗೆ 400, ಒಂದು ಕಣ್ಣಿಗೆ ಅಥವಾ ಒಂದು ಬೆರಳಿಗೆ 100. ವೈದ್ಯನಿಗೆ ಔಷಧದ ಪೆಟ್ಟಿಗೆಯೂ ಸೇರಿ 200ರಿಂದ 250. ಕಾರ್ಮಿಕರ ಪರಿಹಾರ ಕಾನೂನುಗಳಿಗೆ ಸುಮಾರು ಇನ್ನೂರು ವರ್ಷ ಮೊದಲೇ ಕಳ್ಳರು ಅಂಗಾಂಗಕ್ಕೆ ಬೆಲೆ ಕಟ್ಟಿದ್ದರೆಂದು ಮೆಚ್ಚುವವರಿದ್ದಾರೆ. ಆದರೆ ಅದೇ ಪಟ್ಟಿಯಲ್ಲಿ ನಾಣ್ಯ ಬೇಡವೆನ್ನುವವನಿಗೆ ನೂರಕ್ಕೆ ಒಬ್ಬ ಗುಲಾಮನಂತೆ ಎಂಬ ಲೆಕ್ಕವೂ ಇದೆ. ಅದನ್ನು ಓದಿದ ಮೇಲೆ ಮೆಚ್ಚುಗೆ ಅರ್ಧಕ್ಕೆ ನಿಲ್ಲುತ್ತದೆ.

ಈ ಪುಸ್ತಕದಲ್ಲಿ ತನ್ನನ್ನು ಹಳೆಯ ಜೀತದಾಳು, ಕ್ರೂರಿ ಎಂದು ಬರೆದದ್ದಕ್ಕೆ ಹೆನ್ರಿ ಮಾರ್ಗನ್ ಲಂಡನ್ನಿನ ಪ್ರಕಾಶಕರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿ 1685ರಲ್ಲಿ ಗೆದ್ದ. ಪನಾಮಾ ನಗರವನ್ನು ಲೂಟಿ ಮಾಡಿದ ಆತ ಆ ವೇಳೆಗೆ ಸರ್ ಮಾರ್ಗನ್ ಆಗಿದ್ದ, ಜಮೈಕಾದ ಡೆಪ್ಯುಟಿ ಗವರ್ನರ್ ಹುದ್ದೆಯನ್ನೂ ಕಂಡಿದ್ದ. ಎಕ್ಸ್‌ಕ್ವೆಮೆಲಿನ್ ಪುಸ್ತಕ ಬರೆದ. ಬ್ರಾಡಿನ್‌ಹ್ಯಾಮ್ ಬರೆಯಲಿಲ್ಲ, ನ್ಯಾಯಾಧೀಶರ ಮುಂದೆ ನಿಂತು ಹೇಳಿದ. ಒಬ್ಬನು ಓದುಗರನ್ನು ಸಂಪಾದಿಸಲು, ಇನ್ನೊಬ್ಬನು ತನ್ನ ಕೊರಳು ಉಳಿಸಿಕೊಳ್ಳಲು. ಓದುವಾಗ ಈ ವ್ಯತ್ಯಾಸ ನೆನಪಿರಬೇಕು.

ಕಿಡ್ ಕಳ್ಳನಾಗಿ ಹೊರಟವನಲ್ಲ. ಕಳ್ಳರನ್ನು ಹಿಡಿಯಲೆಂದೇ ಇಂಗ್ಲೆಂಡಿನ ದೊರೆ ಮೂರನೆಯ ವಿಲಿಯಂನ ಸನ್ನದು ಪಡೆದು 1696ರಲ್ಲಿ ಹೊರಟವನು. ಫ್ರಾನ್ಸಿನೊಡನೆ ಯುದ್ಧ ನಡೆದಿತ್ತು. ಫ್ರೆಂಚ್ ಹಡಗುಗಳನ್ನು ಹಿಡಿಯುವ ಅಧಿಕಾರವೂ ಅವನಿಗಿತ್ತು. ಬಂಡವಾಳ ಹೂಡಿದವರಲ್ಲಿ ಇಂಗ್ಲೆಂಡಿನ ದೊಡ್ಡ ದೊಡ್ಡ ಪ್ರಭುಗಳಿದ್ದರು. ‘ಅಡ್ವೆಂಚರ್ ಗ್ಯಾಲಿ’ ಎಂಬ ಹಡಗಿನಲ್ಲಿ 34 ತೋಪುಗಳು, ಗಾಳಿ ಬೀಳದಾಗ ಎಳೆಯಲು ಹುಟ್ಟುಗಳು, ಸುಮಾರು 150 ಜನ. ಸಂಬಳವಿಲ್ಲ, ಕೊಳ್ಳೆ ಸಿಕ್ಕರೆ ಪಾಲು, ಸಿಗದಿದ್ದರೆ ಬರಿಗೈ. ಕೈಕಾಲು ಹೋದವರಿಗೆ 600, ಬೆರಳಿಗೆ 100 ಎಂಬ ಕರಾರು ಇಲ್ಲಿಯೂ ಇತ್ತು. 1697ರಲ್ಲಿ ಆಫ್ರಿಕದ ಪೂರ್ವಕ್ಕಿರುವ ಕೊಮೊರೊ ದ್ವೀಪಗಳಲ್ಲಿ ಹಡಗನ್ನು ದಡಕ್ಕೆಳೆದು ತಳ ಉಜ್ಜುವಾಗ ರೋಗ ಹಬ್ಬಿ ಸುಮಾರು 50 ಜನ ಸತ್ತರು. ಉಳಿದವರಿಗೆ ಆವರೆಗೆ ಪಾಲು ಹಂಚಿಕೊಳ್ಳುವಂಥದ್ದೇನೂ ಸಿಕ್ಕಿರಲಿಲ್ಲ. ಕಿಡ್ ಅಲ್ಲಿಂದ ಕೆಂಪು ಸಮುದ್ರದ ಬಾಗಿಲಿಗೆ ಹೋಗಿ ಮೋಖಾ ಬಂದರಿನಿಂದ ಬರುವ ಹಡಗುಗಳಿಗಾಗಿ ಹೊಂಚು ಹಾಕಿದ. ಅವುಗಳಿಗೆ ಬೆಂಗಾವಲು ಇತ್ತು, ಕೈಗೆ ಹತ್ತಲಿಲ್ಲ. ಆಮೇಲೆ ಅವನು ನಮ್ಮ ಕರಾವಳಿಯತ್ತ ತಿರುಗಿದ.

ಕೃಷ್ಣೆಯ ದಂಡೆಯ ಹಿಪ್ಪರಗಿ, ಜಮಖಂಡಿ, ರಬಕವಿಯವರಿಗೆ ಸಮುದ್ರ ದೂರದ ಮಾತು. ಆದರೆ 17ನೇ ಶತಮಾನದ ಕಾರವಾರ ಒಳನಾಡಿಗೆ ಹೊರತಾದ ಊರಾಗಿರಲಿಲ್ಲ. ಆ ಶತಮಾನದ ಬಹುಕಾಲ ವಿಜಾಪುರದ ಆದಿಲಶಾಹಿಗೆ ಕೃಷ್ಣಾತೀರದಂತೆ ಕಾರವಾರವೂ ಸೇರಿತ್ತು. ಘಟ್ಟದ ಮೇಲಿನ ಮೆಣಸು, ಹುಬ್ಬಳ್ಳಿ ಸೀಮೆಯ ನೇಕಾರರ ನಯವಾದ ಮಲ್‌ಮಲ್ ಬಟ್ಟೆ ಕಾರವಾರದಿಂದ ಹಡಗೇರುತ್ತಿದ್ದವು. ಆ ವ್ಯಾಪಾರಕ್ಕಾಗಿಯೇ ಇಂಗ್ಲಿಷರು 1638ರಿಂದ ಅಲ್ಲಿ ಕೋಠಿ ಮಾಡಿಕೊಂಡಿದ್ದರು.

ಕಡಲುಗಳ್ಳರೂ ಈ ತೀರಕ್ಕೆ ಹೊಸಬರಲ್ಲ. ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲಿಯೇ ನಿಟ್ರಿಯಸ್ ಎಂಬ ಕಳ್ಳರ ನೆಲೆಯನ್ನು ಹೆಸರಿಸುತ್ತಾನೆ. ಅದನ್ನು ನೇತ್ರಾವತಿಗೆ ಹೊಂದಿಸುವ ವಿದ್ವಾಂಸರಿದ್ದಾರೆ, ನೇತ್ರಾಣಿ ದ್ವೀಪಕ್ಕೆ ಹೊಂದಿಸುವವರೂ ಇದ್ದಾರೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರ ಮತ್ತು ಬಾರ್ಕೂರಿನ ನಡುವೆ ಹನ್ನೆರಡು ಹಡಗುಗಳ ಕೈಗೆ ಸಿಕ್ಕಿ ಮೈಮೇಲಿನ ಬಟ್ಟೆಯನ್ನೂ ಕಳೆದುಕೊಂಡ. ಪ್ರಯಾಣಿಕರು ನುಂಗಿದ ಮುತ್ತುಗಳನ್ನು ಹೊರಹಾಕಿಸಲು ಗುಜರಾತಿನ ಕಡಲುಗಳ್ಳರು ಹುಣಸೆಹಣ್ಣು ಕಲಸಿದ ಸಮುದ್ರದ ನೀರು ಕುಡಿಸುತ್ತಿದ್ದರೆಂದು ಮಾರ್ಕೊ ಪೋಲೊ ಬರೆದಿದ್ದಾನೆ. ಅದೂ ಒಂದು ಬಗೆಯ ವೈದ್ಯವೇ. ಹೊನ್ನಾವರದ ತಿಮ್ಮೋಜ ಪೋರ್ಚುಗೀಸರಿಗೆ ಮೊದಲು ಕಳ್ಳ. 1510ರಲ್ಲಿ ಗೋವೆಯನ್ನು ಗೆಲ್ಲಲು ಆಲ್ಬುಕರ್ಕನಿಗೆ ನೆರವಾದಾಗ ಅದೇ ಮನುಷ್ಯ ಮಿತ್ರನಾದ. ಯಾರು ಕಳ್ಳ, ಯಾರು ನೌಕಾಪತಿ ಎನ್ನುವುದು ಬರೆಯುವವನು ಯಾವ ಹಡಗಿನಲ್ಲಿ ಕುಳಿತಿದ್ದಾನೆ ಎಂಬುದರ ಮೇಲೆ ನಿಂತಿತ್ತು. ಕಿಡ್‌ನ ಕತೆಯಲ್ಲಿಯೂ ಇದೇ ತೊಡಕು.

ಬ್ರಾಡಿನ್‌ಹ್ಯಾಮ್‌ನ ಹೇಳಿಕೆಯ ಪ್ರಕಾರ, ಕಿಡ್ ಈ ಕರಾವಳಿಯಲ್ಲಿ ಮೊದಲು ಹಿಡಿದದ್ದು ಒಂದು ಸಣ್ಣ ಹಡಗನ್ನು. ಅದರ ಕಪ್ತಾನ ಪಾರ್ಕರ್ ಎಂಬ ಇಂಗ್ಲಿಷನನ್ನು ದಾರಿ ತೋರಿಸಲೆಂದೂ, ಡಾನ್ ಆಂಟೋನಿಯೊ ಎಂಬ ಪೋರ್ಚುಗೀಸನನ್ನು ದುಭಾಷಿಯಾಗಿರಲೆಂದೂ ಇಟ್ಟುಕೊಂಡ. ಹಡಗಿನ ಕೆಲವರನ್ನು ಕತ್ತಿಯ ಚಪ್ಪಟೆ ಮೈಯಿಂದ ಬಡಿಸಿದ, ಹಣ ಎಲ್ಲಿದೆಯೆಂದು ಬಾಯಿ ಬಿಡಿಸಲು. ಆಮೇಲೆ ನೀರು, ದಿನಸಿಗಾಗಿ ಕಾರವಾರಕ್ಕೆ ಬಂದು ಲಂಗರು ಹಾಕಿದ. ಸುದ್ದಿ ಆಗಲೇ ದಡ ಮುಟ್ಟಿತ್ತು. ಕೋಠಿಯ ಇಂಗ್ಲಿಷರು ಹಡಗು ಹತ್ತಿ ಪಾರ್ಕರ್ ಮತ್ತು ಆ ಪೋರ್ಚುಗೀಸ ಎಲ್ಲಿ ಎಂದು ಕೇಳಿದರು. ಅಂಥವರಾರೂ ನನ್ನಲ್ಲಿಲ್ಲ ಎಂದ ಕಿಡ್. ಅವರಿಬ್ಬರೂ ಆಗ ಅದೇ ಹಡಗಿನ ತಳದ ಉಗ್ರಾಣದಲ್ಲಿ ಬಂದಿಯಾಗಿದ್ದರು. ಒಂದು ವಾರ ಅವರನ್ನು ಹಾಗೆ ಬಚ್ಚಿಟ್ಟಿದ್ದನೆಂದು ವೈದ್ಯನ ಲೆಕ್ಕ.

ಕೋಠಿಯವರ ಆತಂಕಕ್ಕೆ ಕಾರಣವಿತ್ತು. 1695ರಲ್ಲಿ ಎವರಿ ಎಂಬ ಇಂಗ್ಲಿಷ್ ಕಳ್ಳ ಔರಂಗಜೇಬನ ‘ಗಂಜ್-ಇ-ಸವಾಯಿ’ ಹಡಗನ್ನು ದೋಚಿದಾಗ ಸೂರತ್ತಿನ ಕೋಠಿಯವರನ್ನು ಮೊಗಲ ಅಧಿಕಾರಿಗಳು ಸೆರೆಯಲ್ಲಿಟ್ಟಿದ್ದರು. ಇನ್ನೊಬ್ಬ ಇಂಗ್ಲಿಷ್ ಕಳ್ಳ ಹುಟ್ಟಿಕೊಂಡರೆ ಕಂಪನಿಯ ವ್ಯಾಪಾರಕ್ಕೇ ಕುತ್ತು. ಕಿಡ್‌ನ ಹಡಗಿನಲ್ಲಿ ಬಂದಿದ್ದ ಬೆಂಜಮಿನ್ ಫ್ರಾಂಕ್ಸ್ ಎಂಬ ರತ್ನದ ವ್ಯಾಪಾರಿ ಕಾರವಾರದಲ್ಲಿ ಹೇಗೋ ಇಳಿದು ತಪ್ಪಿಸಿಕೊಂಡ. 1697ರ ಅಕ್ಟೋಬರಿನಲ್ಲಿ ಅವನು ಬೊಂಬಾಯಿಯಲ್ಲಿ ಕೊಟ್ಟ ಹೇಳಿಕೆಯೂ ಉಳಿದಿದೆ. ಹಡಗಿನೊಳಗೆ ಜಗಳ, ಅಸಮಾಧಾನ ಬೆಳೆಯುತ್ತಿದ್ದುದು ಕಾರವಾರದಲ್ಲಿಯೇ ಹೊರಗೆ ಬಿತ್ತು ಎನ್ನಬೇಕು.

ಕಾರವಾರ ಬಿಟ್ಟ ಮೇಲೆ ಒಂದು ಪೋರ್ಚುಗೀಸ್ ಯುದ್ಧನೌಕೆಯೊಡನೆ ಕೆಲವು ಗಂಟೆ ಕಾದಾಟ. ತಮ್ಮ ಕಡೆ ಹತ್ತು ಜನರಿಗೆ ಗಾಯ ಎಂದು ವೈದ್ಯ ಹೇಳುತ್ತಾನೆ. ಆ ಲೆಕ್ಕ ಅವನಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಮುಂದೆ ಲಕ್ಷದ್ವೀಪದ ಕಡೆಯ ದ್ವೀಪವೊಂದರಲ್ಲಿ ಪೀಪಾಯಿ ಕಟ್ಟುವ ಕೆಲಸಗಾರನ ಕತ್ತನ್ನು ಸ್ಥಳೀಯರು ಕೊಯ್ದರು. ಕಿಡ್ ಅವರ ಮನೆಗಳಿಗೆ ಬೆಂಕಿ ಇಡಿಸಿ, ಒಬ್ಬ ದ್ವೀಪವಾಸಿಯನ್ನು ಮರಕ್ಕೆ ಕಟ್ಟಿಸಿ ಗುಂಡು ಹಾಕಿಸಿದ. ಮರಕ್ಕೆ ಕಟ್ಟಿದವನ ಹೆಸರು ಯಾವ ಕಾಗದದಲ್ಲೂ ಇಲ್ಲ. ಈ ಸಾವಿಗಾಗಿ ಕಿಡ್‌ನ ಮೇಲೆ ಮೊಕದ್ದಮೆ ನಡೆಯಲಿಲ್ಲ.

ಮೊಕದ್ದಮೆ ನಡೆದದ್ದು ವಿಲಿಯಂ ಮೂರ್ ಎಂಬ ತೋಪುಗಾರನ ಸಾವಿಗೆ. 1697ರ ಅಕ್ಟೋಬರ್ 30. ಎದುರು ಬಂದ ಇಂಗ್ಲಿಷ್ ಹಡಗೊಂದನ್ನು ಕಿಡ್ ಹಿಡಿಯದೆ ಬಿಟ್ಟನೆಂಬ ಸಿಟ್ಟು ಕೆಲವು ದಿನಗಳಿಂದ ಹಡಗಿನಲ್ಲಿ ಹೊಗೆಯಾಡುತ್ತಿತ್ತು. ಕಪ್ತಾನ ತೋಪುಗಾರನನ್ನು ನಾಯಿ ಎಂದು ಬೈದ. ನಾನು ಹಾಗಾಗಿದ್ದರೆ ಮಾಡಿದವನು ನೀನೇ, ನಮ್ಮನ್ನೆಲ್ಲ ಹಾಳು ಮಾಡಿದೆ ಎಂದು ಮೂರ್ ತಿರುಗಿ ಹೇಳಿದ. ಕಬ್ಬಿಣದ ಪಟ್ಟಿ ಬಿಗಿದ ಮರದ ಬಕೆಟ್ಟನ್ನು ಎತ್ತಿ ಕಿಡ್ ಅವನ ತಲೆಗೆ ಹೊಡೆದ. ಆರೋಪಪಟ್ಟಿಯಲ್ಲಿ ಆ ಬಕೆಟ್ಟಿನ ಬೆಲೆಯನ್ನೂ ನಮೂದಿಸಿದ್ದಾರೆ: ಎಂಟು ಪೆನ್ಸ್. ಕೊಲೆಯ ಆಯುಧಕ್ಕೆ ಬೆಲೆ ಹಚ್ಚುವುದು ಅಂದಿನ ಇಂಗ್ಲಿಷ್ ಕಾನೂನಿನ ಪದ್ಧತಿ. ಮೂರ್ ಮರುದಿನ ಸತ್ತ. ಗಾಯ ದೊಡ್ಡದಲ್ಲ, ಆದರೆ ತಲೆಬುರುಡೆ ಒಡೆದಿತ್ತು, ಸಾವಿಗೆ ಅದೇ ಕಾರಣ ಎಂದು ಚಿಕಿತ್ಸೆ ಮಾಡಿದ ಬ್ರಾಡಿನ್‌ಹ್ಯಾಮ್ ನ್ಯಾಯಾಲಯದಲ್ಲಿ ಹೇಳಿದ. ಅಷ್ಟಕ್ಕೇ ನಿಲ್ಲಲಿಲ್ಲ. ಎರಡು ತಿಂಗಳ ಮೇಲೆ ಮಲಬಾರ್ ತೀರದಲ್ಲಿ ಕಿಡ್, ತೋಪುಗಾರನ ಸಾವಿನ ಚಿಂತೆ ನನಗಿಲ್ಲ, ಇಂಗ್ಲೆಂಡಿನಲ್ಲಿ ನನ್ನನ್ನು ಪಾರು ಮಾಡುವ ಗೆಳೆಯರಿದ್ದಾರೆ ಎಂಬರ್ಥದ ಮಾತು ಆಡಿದ್ದನೆಂದೂ ಸೇರಿಸಿದ.

ಈ ಎರಡು ಮಾತುಗಳ ತೂಕ ಒಂದೇ ಅಲ್ಲ ಎಂದು ನನಗೆ ತೋರುತ್ತದೆ. ಬುರುಡೆ ಒಡೆದದ್ದು ವೈದ್ಯನ ಕೈಗೆ ತಾಗಿದ ಸತ್ಯ. ಹೊಡೆತವನ್ನು ಕಿಡ್ ಕೂಡ ಅಲ್ಲಗಳೆಯಲಿಲ್ಲ. ದಂಗೆಯ ಭಯ, ಸಿಟ್ಟಿನ ಭರ ಎಂದ. ಗೆಳೆಯರ ಮಾತು ಮಾತ್ರ ಒಬ್ಬ ಮಾಫಿ ಸಾಕ್ಷಿಯ ನೆನಪಿನಿಂದ ಬಂದದ್ದು, ಸರ್ಕಾರಕ್ಕೆ ಬೇಕಾದ ಹೊತ್ತಿಗೆ ಬಂದದ್ದು. ಸಾಕ್ಷಿಗಳನ್ನು ಕಿಡ್ ತಾನೇ ಪ್ರಶ್ನಿಸಬೇಕಾಯಿತು. ಅಂದಿನ ಪದ್ಧತಿಯಲ್ಲಿ ವಕೀಲರು ಅವನ ಪರವಾಗಿ ಕಾನೂನಿನ ಅಂಶಗಳನ್ನಷ್ಟೇ ಎತ್ತಬಹುದಿತ್ತು. ಈ ವೈದ್ಯ ತಿಂಗಳುಗಟ್ಟಲೆ ಹಡಗಿನ ತಳದಲ್ಲಿ ಬಿದ್ದಿದ್ದವನು, ಮೇಲೆ ನಡೆದದ್ದು ಇವನಿಗೇನು ಗೊತ್ತು, ತನ್ನ ಜೀವಕ್ಕಾಗಿ ನನ್ನ ಜೀವ ತೆಗೆಯುತ್ತಿದ್ದಾನೆ ಎಂದು ಕೂಗಾಡಿದ. ಕೂಗಾಟದಲ್ಲಿ ಸ್ವಲ್ಪ ಹುರುಳಿತ್ತು. ಮಡಗಾಸ್ಕರಿನಲ್ಲಿ ಕಿಡ್‌ನನ್ನು ತೊರೆದು ಕಲಿಫೋರ್ಡ್ ಎಂಬ ನಿಜವಾದ ಕಡಲುಗಳ್ಳನತ್ತ ಹೋದ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಬ್ರಾಡಿನ್‌ಹ್ಯಾಮ್ ಒಬ್ಬ. ಕಿಡ್ ಆ ಕಲಿಫೋರ್ಡನನ್ನು ಹಿಡಿಯುವ ಬದಲು ಅವನ ಜೊತೆ ಕೂತು ಕುಡಿದನೆಂಬುದೂ ವಿಚಾರಣೆಯಲ್ಲಿ ಬಂತು. ಕುಡಿದದ್ದು ನೀರು, ನಿಂಬೆ, ಸಕ್ಕರೆ ಬೆರೆಸಿದ ಪೇಯ. ಹೆಚ್ಚು ಕಡಿಮೆ ನಮ್ಮ ರಾಮನವಮಿಯ ಪಾನಕ!

ದರೋಡೆಯ ಆರೋಪದಲ್ಲಿ ಮುಖ್ಯವಾದದ್ದು ‘ಕ್ವೆಡಾ ಮರ್ಚೆಂಟ್’. ಬಂಗಾಳದಿಂದ ರೇಷ್ಮೆ, ಮಲ್‌ಮಲ್, ಸಕ್ಕರೆ, ಅಫೀಮು ತುಂಬಿಕೊಂಡು ಸೂರತ್ತಿಗೆ ಹೊರಟಿದ್ದ ಆರ್ಮೇನಿಯನ್ ವರ್ತಕರ ಈ ಹಡಗನ್ನು ಕಿಡ್ 1698ರ ಜನವರಿ 30ರಂದು ಕೊಚ್ಚಿಯ ಬಳಿ ಹಿಡಿದ. ಅದರಲ್ಲಿ ಫ್ರೆಂಚ್ ರಹದಾರಿ ಇತ್ತು, ಆದ್ದರಿಂದ ಅದು ನ್ಯಾಯವಾದ ಬೇಟೆ ಎಂಬುದು ಅವನ ವಾದ. ರಹದಾರಿ ತೋರಿಸು ಎಂದರೆ ತೋರಿಸಲು ಅವನ ಕೈಯಲ್ಲಿ ಇರಲಿಲ್ಲ. ಬಂಡವಾಳ ಹೂಡಿದವರಲ್ಲೊಬ್ಬನಾದ ಲಾರ್ಡ್ ಬೆಲೊಮಾಂಟ್‌ಗೆ ಮೊದಲೇ ಒಪ್ಪಿಸಿದ್ದ. ಅವು ಲಂಡನ್ನಿಗೂ ಬಂದಿದ್ದವು, ವಿಚಾರಣೆಯ ದಿನ ಮಾತ್ರ ಕಾಣಲಿಲ್ಲ.

ಕಿಡ್‌ನನ್ನು 1701ರ ಮೇ 23ರಂದು ಥೇಮ್ಸ್ ದಂಡೆಯ ವ್ಯಾಪಿಂಗ್‌ನಲ್ಲಿ ಗಲ್ಲಿಗೇರಿಸಿದರು. ಮೊದಲ ಸಲ ಹಗ್ಗ ಹರಿಯಿತು, ಮತ್ತೆ ಏರಿಸಿದರು. ಅವನ ನಾವಿಕರಲ್ಲಿ ಅವನೊಂದಿಗೆ ಗಲ್ಲಿಗೇರಿದವನು ಡಾರ್ಬಿ ಮಲಿನ್ಸ್ ಒಬ್ಬನೇ. ಸಾಕ್ಷಿ ಹೇಳಿದ ವೈದ್ಯ ಉಳಿದುಕೊಂಡ. ಎರಡು ಫ್ರೆಂಚ್ ರಹದಾರಿಗಳು 20ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಸರ್ಕಾರಿ ದಫ್ತರಖಾನೆಯಲ್ಲಿ ಸಿಕ್ಕವು. ದರೋಡೆಯ ಆರೋಪವನ್ನು ಅವು ಸಡಿಲಿಸುತ್ತವೆ. ಮೂರ್‌ನ ತಲೆಯ ಗಾಯಕ್ಕೂ ಅವಕ್ಕೂ ಸಂಬಂಧವಿಲ್ಲ. ಕ್ವೆಡಾ ಮರ್ಚೆಂಟಿನ ಅವಶೇಷ 2007ರಲ್ಲಿ ಡೊಮಿನಿಕನ್ ಗಣರಾಜ್ಯದ ಕ್ಯಾಟಲಿನಾ ದ್ವೀಪದ ಬಳಿ ಪತ್ತೆಯಾಯಿತು. ಕಿಡ್‌ನಿಂದ ಸರ್ಕಾರ ಜಪ್ತಿ ಮಾಡಿದ ಮಾಲಿನಿಂದ ಬಂದ 6,000 ಪೌಂಡಿಗೂ ಹೆಚ್ಚಿನ ಹಣ ಲಂಡನ್ನಿನ ಗ್ರೀನಿಚ್ ಆಸ್ಪತ್ರೆಗೆ ಸೇರಿತು. ಅದು ಮುದುಕರಾದ, ಕೈಕಾಲು ಕಳೆದುಕೊಂಡ ನಾವಿಕರಿಗಾಗಿ ಕಟ್ಟಿದ ಆಸ್ಪತ್ರೆ.