ಹಳೆಯ ಸೆಪ್ಟಿಕ್ ಟ್ಯಾಂಕ್: ಗುರುತಿಸುವ ಬಗೆ, ಸರಿಪಡಿಸುವ ಬಗೆ

ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸುತ್ತೇವೆ. ಮಳೆಗಾಲಕ್ಕೆ ಮುಂಚೆ ಸೋರುವ ಮಾಳಿಗೆಯನ್ನು ಸರಿಪಡಿಸುತ್ತೇವೆ. ಆದರೆ ಹಿತ್ತಲಿನಲ್ಲಿ ಕಲ್ಲುಚಪ್ಪಡಿಯ ಕೆಳಗೆ ಹೂತಿರುವ ಶೌಚದ ತೊಟ್ಟಿಯನ್ನು, ಅದು ಉಕ್ಕಿ ಹರಿಯುವ ದಿನದವರೆಗೆ ಯಾರೂ ನೆನೆಯುವುದಿಲ್ಲ. ಆ ದಿನ ಬಂದಾಗ ಅದು ಎಷ್ಟು ದೊಡ್ಡದು, ಎಲ್ಲಿಂದ ಎಲ್ಲಿಗೆ ಇದೆ, ಅದರ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ಅವಸರದಲ್ಲಿ ಮುಚ್ಚಳ ತೆಗೆದು ಯಾರನ್ನೋ ಇಳಿಸುವುದೇ ಅನಾಹುತಕ್ಕೆ ಮೊದಲ ಹೆಜ್ಜೆ.

ಮುಳಬಾಗಿಲು ತಾಲ್ಲೂಕಿನ ಹೋಬಳಿ ಕೇಂದ್ರವಾದ ತಾಯಲೂರಿನಂಥ ಊರುಗಳ ವಿದ್ಯಾರ್ಥಿಗಳಿಗೆ ಇದು ಪುಸ್ತಕದ ವಿಷಯವಲ್ಲ, ಮನೆಯ ವಿಷಯ. ನಗರದಲ್ಲಿ ಒಳಚರಂಡಿಯ ಕೊಳವೆ ಹೊಲಸನ್ನು ಕಣ್ಣಿಗೆ ಕಾಣದಷ್ಟು ದೂರ ಒಯ್ಯುತ್ತದೆ. ಒಳಚರಂಡಿ ಇಲ್ಲದ ಕಡೆ ಪ್ರತಿ ಮನೆಯ ಹೊಲಸೂ ಆ ಮನೆಯ ಅಂಗಳದಲ್ಲೇ ಉಳಿಯುತ್ತದೆ. ಆದ್ದರಿಂದ ಆ ತೊಟ್ಟಿಯನ್ನು ಅರಿತಿರುವ ಹೊಣೆಯೂ ಮನೆಯವರದೇ.

ಮೂರು ಬಗೆಯ ತೊಟ್ಟಿಗಳು

ನಮ್ಮಲ್ಲಿ ಎಲ್ಲವನ್ನೂ ‘ಸೆಪ್ಟಿಕ್ ಟ್ಯಾಂಕ್’ ಎಂದೇ ಕರೆಯುವ ವಾಡಿಕೆ. ವಾಸ್ತವವಾಗಿ ಇವು ಮೂರು ಬಗೆ.

ಮೊದಲನೆಯದು ಬರೀ ಹಿಡಿದಿಡುವ ತೊಟ್ಟಿ. ಹಡಗು, ದೋಣಿಗಳಲ್ಲಿ ಇರುವುದು ಇಂಥದು. ಅದಕ್ಕೆ ಒಳಬಾಯಿ ಉಂಟು, ತಾನಾಗಿ ಹರಿದುಹೋಗುವ ಹೊರಬಾಯಿ ಇಲ್ಲ. ದಡಕ್ಕೆ ಬಂದ ಮೇಲೆ ಪಂಪಿನಿಂದ ಹೀರಿ ಖಾಲಿ ಮಾಡುತ್ತಾರೆ.

ಎರಡನೆಯದು ನಿಜವಾದ ಸೆಪ್ಟಿಕ್ ಟ್ಯಾಂಕ್. ತಳ ಮತ್ತು ಗೋಡೆ ನೀರು ಸೋರದಂತೆ ಗಾರೆ ಮಾಡಿದ ಆಯತಾಕಾರದ ತೊಟ್ಟಿ ಇದು. ಒಂದು ಕಡೆಯಿಂದ ಹೊಲಸು ಬರುತ್ತದೆ, ಇನ್ನೊಂದು ಕಡೆಯಿಂದ ತಿಳಿನೀರು ಇಂಗುಗುಂಡಿಗೆ ಹೋಗುತ್ತದೆ.

ಮೂರನೆಯದು ಇಂಗಿಸುವ ಗುಂಡಿ. ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ಅಥವಾ ಸಂದುಬಿಟ್ಟು ಇಟ್ಟಿಗೆ ಕಟ್ಟಿ ಮಾಡಿದ್ದು. ಇದರ ತಳಕ್ಕೆ ಗಾರೆ ಇಲ್ಲ, ನೀರು ಸುತ್ತಲಿನ ಮಣ್ಣಿಗೆ ಇಂಗಿಹೋಗುತ್ತದೆ. ಗ್ರಾಮೀಣ ಶೌಚಾಲಯ ಯೋಜನೆಗಳು ಸಾರಿದ ಜೋಡಿಗುಂಡಿ ಇದರ ಸುಧಾರಿತ ರೂಪ. ಒಂದು ಗುಂಡಿ ತುಂಬಿದರೆ ಹೊಲಸನ್ನು ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಹಾಗೇ ಬಿಟ್ಟರೆ ಒಳಗಿನದು ಗೊಬ್ಬರವಾಗುತ್ತದೆ.

ಒಳಗೆ ನಡೆಯುವುದೇನು?

ಫ್ರಾನ್ಸಿನ ಲೂಯಿ ಮೂರಾಸ್ ಎಂಬಾತ 1860ರ ಸುಮಾರಿಗೆ ಮನೆಯ ಹೊಲಸಿಗಾಗಿ ಮುಚ್ಚಿದ ತೊಟ್ಟಿಯೊಂದನ್ನು ಕಟ್ಟಿಸಿದ. ಸುಮಾರು ಹನ್ನೆರಡು ವರ್ಷಗಳ ನಂತರ ತೆರೆದು ನೋಡಿದರೆ ಅದರಲ್ಲಿ ಗಟ್ಟಿ ಪದಾರ್ಥ ಬಹಳ ಕಡಿಮೆ ಇತ್ತು. 1881ರಲ್ಲಿ ಆತ ಇದಕ್ಕೆ ಪೇಟೆಂಟ್ ಪಡೆದ. ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ ಡೊನಾಲ್ಡ್ ಕ್ಯಾಮರಾನ್ 1895ರ ಸುಮಾರಿಗೆ ಇಂಥದೇ ತೊಟ್ಟಿ ಕಟ್ಟಿ ಅದಕ್ಕೆ ‘ಸೆಪ್ಟಿಕ್ ಟ್ಯಾಂಕ್’ ಎಂಬ ಹೆಸರನ್ನು ಬಳಕೆಗೆ ತಂದ.

ತೊಟ್ಟಿಗೆ ಬಿದ್ದ ಹೊಲಸು ಮೂರು ಪದರಗಳಾಗಿ ಬೇರ್ಪಡುತ್ತದೆ. ಭಾರವಾದದ್ದು ತಳಕ್ಕೆ ಇಳಿದು ಗಸಿಯಾಗುತ್ತದೆ. ಜಿಡ್ಡು ಮತ್ತು ಹಗುರವಾದದ್ದು ಮೇಲೆ ತೇಲಿ ಕೆನೆಯಂತೆ ಕಟ್ಟುತ್ತದೆ. ನಡುವೆ ಸ್ವಲ್ಪ ತಿಳಿಯಾದ ನೀರು ನಿಲ್ಲುತ್ತದೆ. ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಗಸಿಯನ್ನು ಕೊಳೆಸುತ್ತವೆ. ಆಗ ಮೀಥೇನ್, ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಅನಿಲಗಳು ಹುಟ್ಟುತ್ತವೆ. ಮುಂಬಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ 1897ರಲ್ಲೇ ಇಂಥ ತೊಟ್ಟಿಯ ಅನಿಲವನ್ನು ಹಿಡಿದು ಬಳಸಿಕೊಂಡಿದ್ದರು. ನಮ್ಮ ಗೋಬರ್ ಗ್ಯಾಸಿನ ತತ್ವವೂ ಅದೇ.

ಈಗ ಒಂದು ಸಣ್ಣ ಲೆಕ್ಕ. ಐದು ಜನರ ಮನೆಗೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, 1 ಮೀಟರ್ ನೀರಿನ ಆಳದ ತೊಟ್ಟಿ ಇದೆ ಎನ್ನಿ. ಅದರ ಗಾತ್ರ 1.125 ಘನ ಮೀಟರ್, ಅಂದರೆ 1,125 ಲೀಟರ್. ದಿನಕ್ಕೆ 200 ಲೀಟರ್ ನೀರು ಬೀಳುತ್ತದೆ ಎಂದಿಟ್ಟುಕೊಂಡರೆ ನೀರು ಒಳಗೆ ಐದೂವರೆ ದಿನ ನಿಲ್ಲುತ್ತದೆ. ಗಸಿ ಬೆಳೆದು ಅರ್ಧ ಜಾಗವನ್ನು ಹಿಡಿದರೆ ಅದೇ ನೀರು ಮೂರು ದಿನವೂ ನಿಲ್ಲದು. ನೀರು ತಿಳಿಯಾಗಲು ಸಮಯ ಸಾಲದೆ ಗಸಿಯೂ ಅದರ ಜೊತೆ ಹೊರಟು ಇಂಗುಗುಂಡಿಯ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಗಸಿ ತೆಗೆಸಬೇಕು ಎನ್ನುವುದಕ್ಕೆ ಕಾರಣ ಇದು.

ಮುಚ್ಚಳ ತೆಗೆಯದೆ ಗುರುತಿಸುವುದು

ಮೊದಲು ಮನೆಯ ಹಿರಿಯರನ್ನೂ ಕಟ್ಟಿದ ಗಾರೆ ಮೇಸ್ತ್ರಿಯನ್ನೂ ಕೇಳಿ. ಯಾವ ವರ್ಷ ಕಟ್ಟಿದ್ದು, ತಳಕ್ಕೆ ಕಾಂಕ್ರೀಟ್ ಹಾಕಿದ್ದರೇ, ಎಂದಾದರೂ ಖಾಲಿ ಮಾಡಿಸಿದ್ದುಂಟೇ ಎಂಬುದನ್ನು ಬರೆದುಕೊಳ್ಳಿ. ಆಮೇಲೆ ಹೊರಗಿನ ಗುರುತುಗಳನ್ನು ನೋಡಿ.

ಮುಚ್ಚಳ ದುಂಡಗಿದ್ದರೆ ಕೆಳಗೆ ರಿಂಗಿನ ಗುಂಡಿ ಇರುವ ಸಂಭವ ಹೆಚ್ಚು. ಉದ್ದನೆಯ ಕಟ್ಟೆಯ ಮೇಲೆ ಎರಡು ಮೂರು ಚಪ್ಪಡಿಗಳಿದ್ದು, ಪಕ್ಕದಲ್ಲಿ ಗಾಳಿಕೊಳವೆ ನಿಂತಿದ್ದರೆ ಸೆಪ್ಟಿಕ್ ಟ್ಯಾಂಕ್ ಇರಬಹುದು. ಆದರೆ ಖಚಿತ ಗುರುತು ಹೊರಬಾಯಿ. ಸೆಪ್ಟಿಕ್ ಟ್ಯಾಂಕಿಗೆ ಹೊರಬಾಯಿ ಇರಲೇಬೇಕು. ಅದರ ಕೊಳವೆ ಇಂಗುಗುಂಡಿಗೆ ಹೋಗಿದೆಯೇ, ಬೀದಿಯ ಚರಂಡಿಗೆ ಬಿಟ್ಟಿದ್ದಾರೆಯೇ ನೋಡಿ. ಚರಂಡಿಗೆ ಬಿಟ್ಟಿದ್ದರೆ ತೊಟ್ಟಿ ಚೆನ್ನಾಗಿದ್ದರೂ ವ್ಯವಸ್ಥೆ ಕೆಟ್ಟಿದೆ ಎಂದೇ ಅರ್ಥ. ಹೊರಬರುವ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣುಗಳೂ ಜಂತುಹುಳುವಿನ ಮೊಟ್ಟೆಗಳೂ ಇರುತ್ತವೆ.

ತುಂಬದ ಗುಂಡಿ ಒಳ್ಳೆಯ ಗುಂಡಿಯೇ?

“ನಮ್ಮ ಗುಂಡಿ ಹದಿನೈದು ವರ್ಷವಾದರೂ ತುಂಬಿಲ್ಲ” ಎಂದು ಹೆಮ್ಮೆಯಿಂದ ಹೇಳುವವರುಂಟು. ಆಳವಾದ ಗುಂಡಿ ತೋಡಿ, ತಳವನ್ನು ಹಾಗೇ ಬಿಟ್ಟರೆ ಅದು ಬೇಗ ತುಂಬುವುದಿಲ್ಲ ನಿಜ. ತುಂಬದಿರುವುದಕ್ಕೆ ಕಾರಣ, ನೀರೆಲ್ಲ ನೆಲಕ್ಕೆ ಇಳಿಯುತ್ತಿದೆ ಎಂಬುದು.

ಕೋಲಾರ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆ ಕೆರೆಗಳನ್ನೂ ನೆಲದ ನೀರನ್ನೂ ನಂಬಿದೆ. ಇಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳಿವೆ. ಕೆಳಗಿರುವುದು ಗಟ್ಟಿ ಬಂಡೆ, ನೀರು ಸಾಗುವುದು ಅದರ ಬಿರುಕುಗಳಲ್ಲಿ. ಮಣ್ಣಿನಲ್ಲಿ ಇಂಗುವಾಗ ನೀರು ಸ್ವಲ್ಪಮಟ್ಟಿಗೆ ಸೋಸಿಕೊಳ್ಳುತ್ತದೆ. ಬಿರುಕಿಗೆ ಸಿಕ್ಕ ನೀರು ಸೋಸದೆಯೇ ದೂರ ಹೋಗುತ್ತದೆ. ಮೂತ್ರದಲ್ಲಿರುವ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗಿ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಸಂಸ್ಥೆಯ ನಿಯಮ. ಮೀರಿದರೆ ಎಳೆಯ ಕೂಸುಗಳ ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕುಂದಬಹುದು. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಇಂಗುಗುಂಡಿ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರವಿರಬೇಕು. ಬಿರುಕುಬಂಡೆಯ ನೆಲದಲ್ಲಿ ಇನ್ನೂ ದೂರವಿದ್ದಷ್ಟೂ ಒಳ್ಳೆಯದು.

ಯಾರೂ ಇಳಿಯಬಾರದು

ದುರಸ್ತಿಯ ಮಾತಿಗೆ ಮುಂಚೆ ಒಂದು ಕಟ್ಟುನಿಟ್ಟಿನ ಮಾತು. ಖಾಲಿ ಇರಲಿ, ತುಂಬಿರಲಿ, ಈ ತೊಟ್ಟಿಗೆ ಮನುಷ್ಯರನ್ನು ಇಳಿಸಬಾರದು.

ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಗಾಳಿಗಿಂತ ಭಾರವಾದದ್ದರಿಂದ ಅದು ತೊಟ್ಟಿಯೊಳಗೇ ನಿಲ್ಲುತ್ತದೆ. ಅದರ ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ಸತ್ತುಹೋಗುತ್ತದೆ. ವಾಸನೆ ನಿಂತಿತು, ಅಪಾಯ ಕಳೆಯಿತು ಎಂದು ಭಾವಿಸಿದ ಕ್ಷಣವೇ ಅತ್ಯಂತ ಅಪಾಯದ ಕ್ಷಣವಾಗಿರಬಹುದು. ಮೇಲಿನಿಂದ ಶಾಂತವಾಗಿ ಕಾಣುವ ಗಸಿಯನ್ನು ಕಲಕಿದರೆ ಒಳಗೆ ಸಿಕ್ಕಿಕೊಂಡಿದ್ದ ಅನಿಲ ಒಮ್ಮೆಲೇ ಹೊರಬರುತ್ತದೆ. ಮೊದಲು ಇಳಿದವರು ಕುಸಿದುಬೀಳುತ್ತಾರೆ, ಎತ್ತಲು ಇಳಿದ ಎರಡನೆಯವರೂ ಕುಸಿಯುತ್ತಾರೆ. ಒಂದೇ ತೊಟ್ಟಿಯಲ್ಲಿ ಇಬ್ಬರು ಮೂವರು ಸತ್ತ ಸುದ್ದಿಗಳ ಹಿಂದಿನ ಕಾರಣ ಇದು. ಯಾರಾದರೂ ಬಿದ್ದರೆ ನೀವು ಇಳಿಯಬೇಡಿ. 112 ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ. ಒಳಗೆ ನೋಡಲೆಂದು ಬೆಂಕಿಕಡ್ಡಿ ಗೀರುವುದಂತೂ ಕೂಡದು, ಮೀಥೇನ್ ಹೊತ್ತಿಕೊಳ್ಳುತ್ತದೆ.

ಇದು ಕಾನೂನಿನ ಮಾತೂ ಹೌದು. 2013ರ ಕಾಯಿದೆಯ ಪ್ರಕಾರ ಸುರಕ್ಷಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಇಳಿಸಿದವರು ಮನೆಯ ಮಾಲೀಕರಾದರೂ ವಿನಾಯಿತಿ ಇಲ್ಲ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

ಈ ಕಾನೂನಿನ ಹಿಂದೆ ಕೋಲಾರ ಜಿಲ್ಲೆಯ ನಂಟೂ ಇದೆ. ಕರ್ನಾಟಕದಲ್ಲಿ ಮಲಹೊರುವ ಪದ್ಧತಿಯನ್ನು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, ನಿಷೇಧಿಸಲಾಯಿತು. ಆದರೂ ಕೆ.ಜಿ.ಎಫ್.ನಂಥ ಊರಿನಲ್ಲಿ ಅದು ಬಹುಕಾಲ ಉಳಿದಿತ್ತು. ಅಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ತಮ್ಮವರೇ ಮಾಡುತ್ತಿದ್ದ ಈ ಕೆಲಸವನ್ನು ಕಣ್ಣಾರೆ ಕಂಡವರು. ಸಫಾಯಿ ಕರ್ಮಚಾರಿ ಆಂದೋಲನದ ಮೂಲಕ ದೇಶದುದ್ದಕ್ಕೂ ಹೋರಾಡಿದ ಅವರಿಗೆ 2016ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಮನೆಯ ಹೊಲಸಿಗೆ ಇನ್ನೊಬ್ಬರ ಜೀವವನ್ನು ಒಡ್ಡಬಾರದೆಂಬ ಸರಳ ನ್ಯಾಯ ಕಾನೂನಾಗಲು ಇಷ್ಟು ದೀರ್ಘ ಹೋರಾಟ ಬೇಕಾಯಿತು.

ಸರಿಪಡಿಸುವ ಕ್ರಮ

ಹಾಗಾದರೆ ಇಳಿಯದೆ ಸರಿಪಡಿಸುವುದು ಹೇಗೆ? ಬಹುಪಾಲು ಕೆಲಸ ಮೇಲಿನಿಂದಲೇ ಆಗುತ್ತದೆ. ಆದರೂ ಇದು ತಿಳಿದ ಕೆಲಸಗಾರರು ಮಾಡಬೇಕಾದದ್ದು, ಮಕ್ಕಳು ಹತ್ತಿರ ಸುಳಿಯಬಾರದು.

ಮೊದಲು ಸಕ್ಕಿಂಗ್ ಯಂತ್ರದ ಗಾಡಿಯನ್ನು ಕರೆಸಿ ಗಸಿಯನ್ನು ಹೀರಿಸಬೇಕು. ತಳದಲ್ಲಿ ಒಂದೆರಡು ಅಂಗುಲ ಗಸಿ ಉಳಿದರೆ ಒಳ್ಳೆಯದು, ಹಾಲಿಗೆ ಹೆಪ್ಪು ಹಾಕಿದಂತೆ ಬ್ಯಾಕ್ಟೀರಿಯಾ ಮತ್ತೆ ಬೆಳೆಯಲು ಅದು ಬೀಜವಾಗುತ್ತದೆ.

ಎರಡನೆಯದಾಗಿ ಒಳಬಾಯಿ, ಹೊರಬಾಯಿಗಳಲ್ಲಿರುವ ‘ಟಿ’ ಆಕಾರದ ಕೊಳವೆಗಳನ್ನು ನೋಡಬೇಕು. ಮೇಲಿನ ಕೆನೆಯೂ ಕೆಳಗಿನ ಗಸಿಯೂ ಹೊರಹೋಗದಂತೆ ನಡುವಿನ ನೀರನ್ನಷ್ಟೇ ಬಿಡುವುದು ಹೊರಬಾಯಿಯ ‘ಟಿ’. ಅದು ಮುರಿದಿದ್ದರೆ ಇಂಗುಗುಂಡಿ ಕಟ್ಟಿಕೊಳ್ಳುತ್ತದೆ. ಮುಚ್ಚಳಗಳನ್ನು ಈ ಕೊಳವೆಗಳ ನೇರಕ್ಕೇ ಇಡುವುದರಿಂದ ಮೇಲಿನಿಂದಲೇ ಹೊಸದನ್ನು ಜೋಡಿಸಬಹುದು. ಹೊರಬಾಯಿ ಒಳಬಾಯಿಗಿಂತ 50 ಮಿಲಿಮೀಟರ್ ತಗ್ಗಿನಲ್ಲಿರಬೇಕು.

ಮೂರನೆಯದು ಸೋರಿಕೆಯ ಪರೀಕ್ಷೆ. ತೊಟ್ಟಿಗೆ ಹೊರಬಾಯಿಯ ಮಟ್ಟದವರೆಗೆ ನೀರು ತುಂಬಿಸಿ, ಉದ್ದನೆಯ ಕೋಲಿನಿಂದ ಮಟ್ಟವನ್ನು ಗುರುತು ಹಾಕಿ, ಶೌಚಾಲಯವನ್ನು ಬಳಸದೆ ಒಂದು ದಿನ ಬಿಡಬೇಕು. ಮಟ್ಟ ಇಳಿದಿದ್ದರೆ ಗೋಡೆಯೋ ತಳವೋ ಬಿರಿದಿದೆ. ಒಳಗೆ ನಿಂತು ಗಾರೆ ಮಾಡಿಸುವ ಆಸೆ ಬೇಡ. ಅಂಥ ತೊಟ್ಟಿಯನ್ನು ಹೀರಿಸಿ, ಕಲ್ಲುಮಣ್ಣು ತುಂಬಿ ಮುಚ್ಚಿ, ಪಕ್ಕದಲ್ಲಿ ಹೊಸದನ್ನು ಕಟ್ಟಿಸುವುದೇ ಸರಿ.

ನಾಲ್ಕನೆಯದಾಗಿ ಬಿರಿದ ಚಪ್ಪಡಿಗಳನ್ನು ಬದಲಿಸಿ, ಸಂದುಗಳನ್ನು ಗಾರೆಯಿಂದ ಮುಚ್ಚಬೇಕು. ಗಾಳಿಕೊಳವೆ ಮನೆಯ ಸೂರಿಗಿಂತ ಮೇಲಿರಬೇಕು, ಅದರ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಬೇಕು. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಇಂಥ ತೊಟ್ಟಿಗಳೇ ತವರು.

ಇಷ್ಟಾದ ಮೇಲೆ ಬಳಕೆಯಲ್ಲೂ ಎಚ್ಚರ ಬೇಕು. ಆ್ಯಸಿಡ್, ಬ್ಲೀಚಿಂಗ್ ಪುಡಿಗಳನ್ನು ಧಾರಾಳವಾಗಿ ಸುರಿದರೆ ಒಳಗಿನ ಬ್ಯಾಕ್ಟೀರಿಯಾ ಸಾಯುತ್ತದೆ. ಬಟ್ಟೆ, ಪ್ಲಾಸ್ಟಿಕ್, ಪ್ಯಾಡುಗಳು ಕೊಳೆಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಯಾವ ಪುಡಿಯೂ ಗಸಿ ತೆಗೆಸುವ ಕೆಲಸಕ್ಕೆ ಬದಲಿಯಾಗಲಾರದು.

ತೆಗೆದದ್ದು ಎಲ್ಲಿಗೆ ಹೋಗುತ್ತದೆ?

ಗಾಡಿ ಅಂಗಳ ದಾಟಿದ ಕೂಡಲೇ ನಮ್ಮ ಹೊಣೆ ಮುಗಿಯುವುದಿಲ್ಲ. ಹೀರಿದ ಗಸಿಯನ್ನು ಕೆರೆಯಂಗಳಕ್ಕೋ ರಾಜಕಾಲುವೆಗೋ ಸುರಿದರೆ ಅದು ಮಳೆನೀರಿನೊಡನೆ ಊರಿಗೇ ಮರಳುತ್ತದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿ ಇಂಥ ಗಸಿಗೆಂದೇ ಒಂದು ಸಂಸ್ಕರಣಾ ಘಟಕ ಆರಂಭವಾಯಿತು. ಅಲ್ಲಿ ಗಸಿಯನ್ನು ಕೊಳೆಸಿ, ನೀರನ್ನು ಬೇರ್ಪಡಿಸಿ, ಹಾಸುಗಳ ಮೇಲೆ ಒಣಗಿಸುವ ವ್ಯವಸ್ಥೆ ಮಾಡಲಾಯಿತು. ಗಾಡಿಯವರನ್ನು “ಎಷ್ಟು ಹಣ?” ಎಂದು ಕೇಳುವಾಗ “ಎಲ್ಲಿಗೆ ಒಯ್ಯುತ್ತೀರಿ?” ಎಂದೂ ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ವಿದ್ಯಾರ್ಥಿಗಳು ಈ ವಾರ ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಮನೆಯ ನಕ್ಷೆ ಬರೆದು ಶೌಚಾಲಯ, ಕೊಳವೆಯ ದಾರಿ, ತೊಟ್ಟಿ, ಇಂಗುಗುಂಡಿ, ಹತ್ತಿರದ ಬಾವಿ ಅಥವಾ ಕೊಳವೆಬಾವಿ ಇವುಗಳನ್ನು ಗುರುತಿಸಿ. ನಡುವಿನ ದೂರವನ್ನು ಟೇಪಿನಿಂದ ಅಳೆಯಿರಿ. ಕಟ್ಟಿದ ವರ್ಷ, ಕೊನೆಯ ಬಾರಿ ಗಸಿ ತೆಗೆಸಿದ ದಿನಾಂಕವನ್ನು ಪಕ್ಕದಲ್ಲಿ ಬರೆಯಿರಿ. ಮುಚ್ಚಳವನ್ನು ಮಾತ್ರ ಮುಟ್ಟಬೇಡಿ. ಆ ಹಾಳೆಯನ್ನು ಮನೆಯ ಕಾಗದಪತ್ರಗಳ ಜೊತೆ ಇಟ್ಟರೆ, ಮುಂದೊಂದು ದಿನ ತೊಟ್ಟಿ ಉಕ್ಕಿದಾಗ ಯಾರೂ ಕತ್ತಲೆಗೆ ಇಳಿದು ಹುಡುಕಬೇಕಾಗುವುದಿಲ್ಲ.