ಆಟ ನಿಂತ ಮೇಲೆ ಉಳಿದ ಹಾಳೆ

ಫಾಲ್ಗುಣದ ಜಾತ್ರೆ ಹತ್ತಿರ ಬಂದಿತೆಂದರೆ ಕನಕಗಿರಿಯ ಮನೆಮನೆಗಳಲ್ಲಿಯೂ ಸುಣ್ಣಬಣ್ಣದ ಗಡಿಬಿಡಿ ಆರಂಭವಾಗುತ್ತದೆ. ಕನಕಾಚಲಪತಿಯ ತೇರು ಎಳೆಯುವುದಕ್ಕೆ ಮುನ್ನ ಅಟ್ಟದ ಧೂಳು ಕೆಳಗಿಳಿಯಲೇಬೇಕೆಂಬುದು ನಮ್ಮ ತಾಯಿಯವರ ಕಟ್ಟಾಜ್ಞೆ. ಈ ಸಲ ಆ ಕೆಲಸ ನನ್ನ ಪಾಲಿಗೆ ಬಂದಿತು. ಇಳಿಸಿದ ಸಾಮಾನುಗಳ ನಡುವೆ ಒಂದು ತಗಡಿನ ಟ್ರಂಕು. ಅದರೊಳಗೆ ನಾನು ಹೈಸ್ಕೂಲಿನಲ್ಲಿದ್ದಾಗ ಕೂಡಿಟ್ಟ ಹನ್ನೊಂದು ಇಂಗ್ಲಿಷ್ ಮಾಸಪತ್ರಿಕೆಗಳು. ಕಂಪ್ಯೂಟರನ್ನೂ ವಿಡಿಯೋ ಗೇಮುಗಳನ್ನೂ ಕುರಿತವು. ಕೆಲವಕ್ಕೆ ಮುಖಪುಟವಿಲ್ಲ, ಕೆಲವಕ್ಕೆ ಇಲಿಯ ಹಲ್ಲಿನ ಅಂಚು.

ಬಳಿಯಲ್ಲಿ ನಿಂತಿದ್ದ ಅಕ್ಕನ ಮಗ, ಪಿ.ಯು. ತರಗತಿಯ ಹುಡುಗ, ಒಂದನ್ನು ಎತ್ತಿ ಝಾಡಿಸಿ ನಕ್ಕ: “ಇವನ್ನ ರದ್ದಿಗೆ ಹಾಕೂನೇನ್ರಿ ಮಾಮಾ? ಇದರಾಗ ಇರೋದೆಲ್ಲಾ ಮೊಬೈಲಿನಾಗ ಸಿಗತೈತಲ್ಲ!”

ನಾನು ಕೂಡಲೇ ಉತ್ತರ ಕೊಡಲಾರದೆ ಹೋದೆ. ಪಾಠ ಹೇಳುವವನಿಗೆ ಉತ್ತರ ತೋಚದಿರುವುದು ಅಷ್ಟೇನೂ ಅಪರೂಪದ ಸಂಗತಿಯಲ್ಲವೆಂಬುದು ನನ್ನ ವಿದ್ಯಾರ್ಥಿಗಳಿಗೆ ಗೊತ್ತು. ಆದರೆ ಹುಡುಗನ ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು. ಅವನ ಮಾತಿನಲ್ಲಿ ಸುಳ್ಳಿಲ್ಲ. ಹೊಸ ಆಟವೊಂದು ಬಿಡುಗಡೆಯಾದ ಗಳಿಗೆಯಲ್ಲಿಯೇ ಅದನ್ನು ಆಡಿ ತೋರಿಸುವವರು ನೂರಾರು ಮಂದಿ. ಚಿತ್ರ ಚಲಿಸುತ್ತದೆ, ಸದ್ದು ಕೇಳುತ್ತದೆ, ಕಾಸು ಬೇಕಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಆಟವನ್ನು ಕುರಿತು ಕನ್ನಡದಲ್ಲಿ ಗಟ್ಟಿಯಾಗಿ ಮಾತಾಡುವವರನ್ನು ನಾವು ಮೊದಲು ಕಂಡದ್ದೇ ಯೂಟ್ಯೂಬಿನಲ್ಲಿ. ಮುದ್ರಿತ ಪತ್ರಿಕೆ ನಮಗೆ ಆ ಉಪಕಾರವನ್ನು ಮಾಡಲಿಲ್ಲ. ಇಷ್ಟನ್ನು ಒಪ್ಪಿಕೊಂಡೇ ಮುಂದಿನ ಮಾತು.

ಒಂದು ಸಂಚಿಕೆಯ ಬೆನ್ನಿಗೆ ಸಿ.ಡಿ.ಯೊಂದು ಇನ್ನೂ ಅಂಟಿಕೊಂಡಿತ್ತು. ಆ ಕಾಲದಲ್ಲಿ ಅದೇ ಪತ್ರಿಕೆಯ ಜೀವಾಳ. ಮುಂಬಯಿಯಿಂದ ಬರುತ್ತಿದ್ದ ‘ಡಿಜಿಟ್’ ಮೊದಲಾದವು ತಿಂಗಳಿಗೊಮ್ಮೆ ತಟ್ಟೆಯ ತುಂಬ ಆಟಗಳ ತುಣುಕುಗಳನ್ನು ಹೊತ್ತು ತರುತ್ತಿದ್ದವು. ಅಂತರಜಾಲವೆಂದರೆ ಗಂಗಾವತಿಯ ಸೈಬರ್ ಅಂಗಡಿಯಲ್ಲಿ ಗಂಟೆಗಿಷ್ಟು ಎಂದು ತೆತ್ತು ಕಾಯಬೇಕಾಗಿದ್ದ ನಮ್ಮಂಥವರಿಗೆ ಆ ತಟ್ಟೆ ನಿಧಿಯೇ ಸರಿ. ಆ ಸಿ.ಡಿ.ಯನ್ನು ಈಗ ಹಾಕಿ ನೋಡೋಣವೆಂದರೆ ಮನೆಯ ಯಾವ ಯಂತ್ರಕ್ಕೂ ಅದನ್ನು ನುಂಗುವ ಬಾಯಿಲ್ಲ. ಕಾಲೇಜಿನ ಹಳೆಯ ಕಂಪ್ಯೂಟರೊಂದರಲ್ಲಿ ಹಾಕಿದರೆ ಗರಗರ ತಿರುಗಿ ಸುಮ್ಮನಾಯಿತು. ಅದರ ಜೊತೆಗೆ ಬಂದ ಕಾಗದವಾದರೋ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿಸಿಕೊಂಡಿತು.

ಆ ಪತ್ರಿಕೆಗಳು ನಮಗೆ ದೊರೆತ ಬಗೆಯೂ ಹೇಳತಕ್ಕದ್ದೆ. ಹೊಸ ಸಂಚಿಕೆಯ ಬೆಲೆಯಲ್ಲಿ ಮನೆಗೆ ಒಂದು ವಾರದ ಕಾಯಿಪಲ್ಯ ಬರುತ್ತಿತ್ತು. ಆದುದರಿಂದ ಹೊಸದರ ಆಸೆ ನಮಗಿರಲಿಲ್ಲ. ಹೊಸಪೇಟೆಯ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕಿದ ಹಳೆಯ ಸಂಚಿಕೆಗಳನ್ನು ನಾನೂ ನನ್ನ ಗೆಳೆಯನೊಬ್ಬನೂ ಪಾಲಿನ ಮೇಲೆ ಕೊಳ್ಳುತ್ತಿದ್ದೆವು. ವಾರ ಅವನ ಮನೆ, ವಾರ ನಮ್ಮ ಮನೆ. ಇಬ್ಬರಿಗೂ ಇಂಗ್ಲಿಷು ಅಷ್ಟಕ್ಕಷ್ಟೆ. ನಿಘಂಟನ್ನು ಮುಂದಿಟ್ಟುಕೊಂಡು, ತಿಳಿದ ಶಬ್ದಕ್ಕೆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದ ಅರ್ಥವನ್ನು ಬರೆಯುತ್ತಿದ್ದೆವು. ‘ಲೆವೆಲ್’ ಎಂಬುದಕ್ಕೆ ‘ಮಜಲು’, ‘ಚೆಕ್‌ಪಾಯಿಂಟ್’ ಎಂಬುದಕ್ಕೆ ‘ತಂಗುದಾಣ’, ‘ಚೀಟ್ ಕೋಡ್’ ಎಂಬುದಕ್ಕೆ ‘ಕಳ್ಳದಾರಿ’. ಆಟದ ಕೊನೆಗೆ ಎದುರಾಗುವ ಮಹಾವೈರಿಯಾದ ‘ಬಾಸ್’ ಎಂಬುವನಿಗೆ ನನ್ನ ಗೆಳೆಯ ‘ಊರ ಗೌಡ’ ಎಂದು ಬರೆದಿದ್ದಾನೆ! ತಾಳೆಗರಿಯ ಅಂಚಿನಲ್ಲಿ ಟೀಕೆ ಬರೆದ ಹಿರಿಯರ ಮುಂದೆ ನಮ್ಮದು ಮಕ್ಕಳಾಟ. ಆದರೂ ಕನಕಗಿರಿಯ ಇಬ್ಬರು ಹುಡುಗರು ಈ ಹೊಸ ಆಟಗಳನ್ನು ಹೇಗೆ ಅರ್ಥ ಮಾಡಿಕೊಂಡರೆಂಬುದಕ್ಕೆ ಉಳಿದಿರುವ ದಾಖಲೆ ಅದೊಂದೇ. ಮೊಬೈಲಿನ ಗಾಜಿಗೆ ಅಂಚೆಲ್ಲಿ ಬಂತು?

ಇನ್ನೊಂದು ಉಪಕಾರವನ್ನೂ ನೆನೆಯಬೇಕು. ಜಾತ್ರೆಯ ಅಂಗಡಿಗಳಲ್ಲಿ ಆಗ ಅಂಗೈಯಗಲದ ಒಂದು ಆಟದ ಯಂತ್ರ ಮಾರಾಟಕ್ಕೆ ಬರುತ್ತಿತ್ತು. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ, ಅವನ್ನು ತಿರುಗಿಸಿ ಸಾಲು ಕೂಡಿಸಬೇಕು. ಬೆಂಡು ಬತ್ತಾಸಿನ ಹಾಗೆ ಅದೂ ಜಾತ್ರೆಯಲ್ಲಿ ತಾನೇ ಹುಟ್ಟುವ ವಸ್ತುವೆಂದು ನಾವು ತಿಳಿದಿದ್ದೆವು. ಅದರ ಮೂಲ ‘ಟೆಟ್ರಿಸ್’ ಎಂದೂ, 1984ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಜಿಟ್ನೋವ್ ಎಂಬಾತ ಅದನ್ನು ರಚಿಸಿದನೆಂದೂ ನನಗೆ ಹೇಳಿದ್ದು ಒಂದು ಹರಕು ಸಂಚಿಕೆ. ಆಟಕ್ಕೂ ಒಬ್ಬ ಕರ್ತೃವಿರುತ್ತಾನೆ! ಮುಂದೆ ಎಂ.ಎ. ತರಗತಿಯಲ್ಲಿ ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯನ್ನು ಕೇಳಿದಾಗ ನನಗೆ ಈ ಇಟ್ಟಿಗೆಯ ಆಟ ನೆನಪಾಯಿತೆಂದರೆ ವಾಚಕರು ನಗಬಾರದು.

ಹೊರಗಿನ ದೇಶಗಳಲ್ಲಿ ಈ ಬಗೆಯ ಪತ್ರಿಕೆಗಳಿಗೆ ನಾಲ್ಕು ದಶಕ ಮೀರಿದ ಚರಿತ್ರೆಯಿದೆ. ಇಂಗ್ಲೆಂಡಿನ ‘ಕಂಪ್ಯೂಟರ್ ಅಂಡ್ ವಿಡಿಯೋ ಗೇಮ್ಸ್’ 1981ರ ನವೆಂಬರಿನಲ್ಲಿ ಹೊರಟಿತು. ಆ ಕಾಲದ ಪತ್ರಿಕೆಗಳಲ್ಲಿ ಆಟದ ಇಡೀ ಕ್ರಮವಿಧಿಯನ್ನೇ ಸಾಲುಸಾಲಾಗಿ ಅಚ್ಚು ಹಾಕುತ್ತಿದ್ದರು. ಓದುಗನು ಅದನ್ನು ತನ್ನ ಕಂಪ್ಯೂಟರಿನಲ್ಲಿ ಒತ್ತಿ ಬರೆದುಕೊಂಡು ಆಡಬೇಕು. ಒಂದು ಚುಕ್ಕೆ ತಪ್ಪಿದರೆ ಆಟವಿಲ್ಲ. ಜಪಾನಿನ ‘ಫಾಮಿತ್ಸು’ 1986ರಲ್ಲಿ ಹುಟ್ಟಿತು. ಅದರಲ್ಲಿ ನಾಲ್ವರು ವಿಮರ್ಶಕರು ತಲಾ ಹತ್ತರೊಳಗೆ ಅಂಕ ಕೊಟ್ಟು, ಒಟ್ಟು ನಲವತ್ತಕ್ಕೆ ಇಷ್ಟೆಂದು ಆಟದ ಹಣೆಬರಹವನ್ನು ತಿಳಿಸುವ ಪದ್ಧತಿ. ಅಮೆರಿಕೆಯ ‘ನಿಂಟೆಂಡೋ ಪವರ್’ 1988ರಿಂದ 2012ರವರೆಗೆ ನಡೆಯಿತು. ಆದರೆ ಅದು ಹುಟ್ಟಿದ್ದು ಆಟ ಮಾರುವ ಕಂಪನಿಯ ಮನೆಯಲ್ಲಿಯೇ. ಮನೆಯ ಮಗಳ ರೂಪವನ್ನು ತಾಯಿ ಹೊಗಳಿದಂತೆ ಅದರ ವಿಮರ್ಶೆಯೆಂದು ಅನುಮಾನಿಸುವವರನ್ನು ತಪ್ಪೆನ್ನಲಾಗದು. ಅಚ್ಚಾದುದೆಲ್ಲ ಸತ್ಯವೆಂಬ ಭ್ರಮೆ ನನಗಿಲ್ಲ.

ಈಗ 2024ರ ಒಂದು ಘಟನೆಗೆ ಬರೋಣ. ಅಮೆರಿಕೆಯಲ್ಲಿ 1991ರಿಂದ ಪ್ರಕಟವಾಗುತ್ತಿದ್ದ ‘ಗೇಮ್ ಇನ್‌ಫಾರ್ಮರ್’ ಎಂಬ ಪತ್ರಿಕೆಯನ್ನು ಅದರ ಒಡೆಯರಾದ ಕಂಪನಿಯವರು ಆ ವರ್ಷದ ಆಗಸ್ಟ್ 2ರಂದು ನಿಲ್ಲಿಸಿಬಿಟ್ಟರು. ಪತ್ರಿಕೆ ನಿಲ್ಲುವುದು ಹೊಸತಲ್ಲ. ನಮ್ಮ ‘ಚಂದಮಾಮ’ವೂ ನಿಂತಿದೆ. ವಿಸ್ಮಯವಿರುವುದು ಮುಂದೆ. ಪತ್ರಿಕೆಯ ಜೊತೆಗೆ ನಡೆಯುತ್ತಿದ್ದ ಜಾಲತಾಣದ ಬರಹಗಳೆಲ್ಲ ಅದೇ ದಿನ ಕಾಣದಾದವು. ಅವುಗಳ ಸ್ಥಾನದಲ್ಲಿ ವಿದಾಯದ ಒಂದು ಒಕ್ಕಣೆ ಮಾತ್ರ. ಬರೆದವರಿಗೇ ತಾವು ಬರೆದುದು ದಕ್ಕಲಿಲ್ಲ. 2025ರ ಮಾರ್ಚಿನಲ್ಲಿ ಬೇರೊಂದು ಕಂಪನಿ ಅದನ್ನು ಕೊಂಡು ಮತ್ತೆ ಆರಂಭಿಸಿ, ಹಳೆಯ ಬರಹಗಳನ್ನೂ ಹಿಂದಕ್ಕೆ ತಂದಿತೆನ್ನಿ. ಆದರೆ ನಡುವಣ ಆ ತಿಂಗಳುಗಳಲ್ಲಿ ಪತ್ರಿಕೆಯ ಸಂಚಿಕೆಗಳು ಯಾರ ಮನೆಯ ಕಪಾಟಿನಲ್ಲಿದ್ದವೋ ಅವರಿಗೆ ಯಾವ ಕಂಪನಿಯ ಅಪ್ಪಣೆಯೂ ಬೇಕಾಗಿರಲಿಲ್ಲ. ಅಚ್ಚಾಗಿ ಓದುಗನ ಕೈಗೆ ಸೇರಿದ ಹಾಳೆಯನ್ನು ಹಿಂದಕ್ಕೆ ಕಿತ್ತುಕೊಳ್ಳುವುದು ಅಚ್ಚು ಹಾಕಿಸಿದವನಿಗೂ ಸಾಧ್ಯವಿಲ್ಲ.

ಬರಹದ ಗತಿ ಹೀಗಾದರೆ ಆಟಗಳ ಗತಿ ಇನ್ನೂ ಶೋಚನೀಯ. 2020ರ ಡಿಸೆಂಬರ್ 31ಕ್ಕೆ ‘ಫ್ಲ್ಯಾಶ್’ ತಂತ್ರಾಂಶದ ಬೆಂಬಲ ನಿಂತಿತು. ಸೈಬರ್ ಅಂಗಡಿಯಲ್ಲಿ ನಾವು ಆಡುತ್ತಿದ್ದ ಸಾವಿರಾರು ಪುಟ್ಟ ಆಟಗಳು ತಮ್ಮ ತಮ್ಮ ತಾಣಗಳಲ್ಲಿಯೇ ಮೂಕವಾದವು. ಹಠ ಹಿಡಿದ ಕೆಲವರು ಬಹಳಷ್ಟನ್ನು ಬೇರೆಡೆ ಉಳಿಸಿದ್ದಾರೆ. ‘ದಿ ಕ್ರ್ಯೂ’ ಎಂಬ ಕಾರೋಟದ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ಮುಚ್ಚಲಾಯಿತು. ದುಡ್ಡು ಕೊಟ್ಟು ಕೊಂಡವನ ಮನೆಯಲ್ಲಿಯೂ ಅದು ಮತ್ತೆ ಏಳಲಿಲ್ಲ. 2010ಕ್ಕೆ ಮುಂಚೆ ಅಮೆರಿಕೆಯಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ನೂರಕ್ಕೆ 87ರಷ್ಟು ಈಗ ಮಾರಾಟಕ್ಕೇ ದೊರೆಯುವುದಿಲ್ಲವೆಂದು ಅಲ್ಲಿನ ‘ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್’ 2023ರ ತನ್ನ ಅಧ್ಯಯನದಲ್ಲಿ ತಿಳಿಸಿತು. ಈ ಸಂಸ್ಥೆಯನ್ನು 2017ರಲ್ಲಿ ಸ್ಥಾಪಿಸಿದವರು ಫ್ರ್ಯಾಂಕ್ ಸಿಫಾಲ್ಡಿ. ಅವರು 2012ರಲ್ಲಿ ಬರೆದ ಲೇಖನವೊಂದು ನನ್ನಂಥ ಕನ್ನಡ ಮೇಷ್ಟರಿಗೆ ಬಹಳ ಹತ್ತಿರದ್ದು. ಜಗತ್ಪ್ರಸಿದ್ಧವಾದ ‘ಸೂಪರ್ ಮಾರಿಯೋ ಬ್ರದರ್ಸ್’ ಜಪಾನಿನಲ್ಲಿ 1985ರ ಸೆಪ್ಟೆಂಬರ್ 13ರಂದು ಹೊರಬಂದಿತೆಂಬುದು ನಿರ್ವಿವಾದ. ಅದು ಅಮೆರಿಕೆಯ ಅಂಗಡಿಗೆ ಬಂದ ದಿನ ಯಾವುದು? ಸಿಫಾಲ್ಡಿಯವರು ಹಳೆಯ ಪತ್ರಿಕೆಗಳನ್ನೂ ಜಾಹೀರಾತುಗಳನ್ನೂ ಜಾಲಾಡಿ, ಖಚಿತವಾದ ದಿನವನ್ನು ಸಿದ್ಧಪಡಿಸಲಾಗದೆಂದು ಕೈಚೆಲ್ಲಿದರು. ಕೋಟಿಗಟ್ಟಲೆ ಜನ ಆಡಿದ ಆಟದ ಕಾಲನಿರ್ಣಯವೇ ಈ ಪಾಡು! ಆರ್. ನರಸಿಂಹಾಚಾರ್ಯರು ಕವಿಗಳ ಕಾಲವನ್ನು ಗೊತ್ತುಮಾಡಲು ಪಟ್ಟ ಶ್ರಮವನ್ನು ಬಲ್ಲವರಿಗೆ ಇದರ ಸಂಕಟ ಅರ್ಥವಾದೀತು. ಇಂಥ ಶೋಧಕ್ಕೆ ಆಸರೆಯಾಗಲೆಂದೇ ಅವರ ಸಂಸ್ಥೆ 2025ರ ಜನವರಿಯಲ್ಲಿ 1,500ಕ್ಕೂ ಹೆಚ್ಚು ಹಳೆಯ ಸಂಚಿಕೆಗಳನ್ನು ಓದುಗರಿಗೆ ತೆರೆದಿಟ್ಟಿತು. ತೆರೆದಿಟ್ಟದ್ದು ಅಂತರಜಾಲದಲ್ಲಿಯೇ. ಆದರೆ ಕಾಗದ ಉಳಿದಿದ್ದರಿಂದ ತಾನೆ ಪ್ರತಿ ತೆಗೆಯಲು ಸಾಧ್ಯವಾದುದು?

ಆಟವನ್ನು ಬರೆದಿಡಬೇಕೆಂಬ ವಿವೇಕ ನಮಗೆ ಪರದೇಶದಿಂದ ಬರಬೇಕಾಗಿಲ್ಲ. ನಮ್ಮೂರಿಂದ ಒಂದು ಹಗಲಿನಲ್ಲಿ ಹೋಗಿಬರಬಹುದಾದ ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಕಣ್ಣಿದ್ದವರು ಕಾಣಬಹುದು. ಮನೆಗಳು ಉಳಿದವು; ಕಾಯಿ ಹೇಗೆ ನಡೆಯಬೇಕೆಂಬುದನ್ನು ಕಲ್ಲು ಹೇಳುವುದಿಲ್ಲ. ಅದನ್ನು ಹೇಳಲು ಹುಲಿ–ಕುರಿ ಆಡುತ್ತಿದ್ದ ಅಜ್ಜನೊಬ್ಬ ಬದುಕಿರಬೇಕು, ಇಲ್ಲವೆ ಯಾರಾದರೂ ಬರೆದಿಟ್ಟಿರಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಬರೆಯಿಸಿಟ್ಟರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ ಎಂಬುದು ಮಣೆಯಾಟಗಳಿಗೇ ಸಂಬಂಧಿಸಿದ್ದು. ಇಂದು ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಅಂತಹ ಹಳೆಯ ಆಟಗಳನ್ನು ಮತ್ತೆ ಹಾಸಿ ತೋರಿಸುತ್ತಿರುವುದು ಸ್ತುತ್ಯವಾದ ಕೆಲಸ.

ಹಾಗಾದರೆ ನಮ್ಮ ಕಾಲದ ಆಟಗಳಿಗೆ ಕೌತುಕನಿಧಿ ಎಲ್ಲಿ? ಕರ್ನಾಟಕಕ್ಕೂ ಈ ಉದ್ಯಮಕ್ಕೂ ನಂಟಿಲ್ಲವೆನ್ನುವಂತಿಲ್ಲ. ಭಾರತದ ಮೊದಲ ಆಟ ತಯಾರಿಕೆಯ ಸಂಸ್ಥೆಗಳಲ್ಲಿ ಒಂದಾದ ‘ಧ್ರುವ ಇಂಟರಾಕ್ಟಿವ್’ 1997ರಲ್ಲಿ ಸ್ಥಾಪಿತವಾದುದು ಬೆಂಗಳೂರಿನಲ್ಲಿಯೇ. 2019ರಲ್ಲಿ ಅದು ‘ರಾಕ್‌ಸ್ಟಾರ್’ ಎಂಬ ಪ್ರಖ್ಯಾತ ಕಂಪನಿಯ ಪಾಲಾಯಿತು. ಆದರೆ ಕೊಪ್ಪಳದ ಬಸ್‌ಸ್ಟ್ಯಾಂಡಿನ ಪುಸ್ತಕದ ಅಂಗಡಿಯಲ್ಲಿ ಜ್ಯೋತಿಷ್ಯದ, ಅಡುಗೆಯ, ಸ್ಪರ್ಧಾ ಪರೀಕ್ಷೆಯ ಕನ್ನಡ ಪತ್ರಿಕೆಗಳನ್ನು ಕೊಂಡಿದ್ದೇನೆಯೇ ಹೊರತು ವಿಡಿಯೋ ಗೇಮಿನ ಕನ್ನಡ ಪತ್ರಿಕೆಯೊಂದನ್ನು ಕೈಯಲ್ಲಿ ಹಿಡಿದಿಲ್ಲ. ತಿರುಳ್ಗನ್ನಡದ ನೆಲೆಗಳಲ್ಲೊಂದೆಂದು ‘ಕವಿರಾಜಮಾರ್ಗ’ ಹೆಸರಿಸಿದ ಊರು ಕೊಪಣ! ಈ ಮಾತನ್ನು ದುಃಖದಿಂದಲೇ ಬರೆಯುತ್ತಿದ್ದೇನೆ.

ಇದು ಬರಿಯ ಭಾಷಾಭಿಮಾನದ ಕೊರಗೆಂದು ಎಣಿಸಬಾರದು. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನ ತಂದೆ, ಒಕ್ಕಲುತನದವರು, ಕಾಲೇಜಿಗೆ ಬಂದು ಮಗನ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದರು: “ಸರ, ಇದು ಆಟೋ, ಜೂಜೋ, ನೀವ ನೋಡಿ ಹೇಳ್ರಿ.” ಭತ್ತ ಮಾರಿದ ಹಣದಲ್ಲಿ ಒಂದು ಪಾಲು ಆ ಗಾಜಿನೊಳಗೆ ಕರಗಿತ್ತು. ಹುಡುಗನನ್ನು ಅಲ್ಲಿಗೆ ಕರೆದೊಯ್ದದ್ದು ಆಟವನ್ನು ಹಾಡಿ ಹೊಗಳಿದ ಒಂದು ವಿಡಿಯೋ. ಅದು ವಿಮರ್ಶೆಯೋ ಜಾಹೀರಾತೋ ಅವನಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಹಣ ಕಟ್ಟಿ ಆಡುವ ಅಂತಹ ಆಟಗಳನ್ನು ನಿಷೇಧಿಸುವ ಶಾಸನವನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಆ ತಂದೆ ಯಾರನ್ನು ಕೇಳಬೇಕಾಗಿತ್ತು? ಅಚ್ಚಿನ ಪತ್ರಿಕೆಯಲ್ಲಿ ಸಂಪಾದಕನ ಹೆಸರಿರುತ್ತದೆ, ವಿಳಾಸವಿರುತ್ತದೆ, ತಾರೀಖು ಇರುತ್ತದೆ. ಜಾಹೀರಾತು ಒಂದು ಪುಟದಲ್ಲಿ, ವಿಮರ್ಶೆ ಇನ್ನೊಂದರಲ್ಲಿ. ತಪ್ಪು ಬರೆದರೆ ಮುಂದಿನ ಸಂಚಿಕೆಯ ಓದುಗರ ಓಲೆಯಲ್ಲಿ ಬೈಗುಳ ತಿನ್ನಬೇಕು. ತಿಂಗಳಿಗೊಮ್ಮೆ ಮಾತ್ರ ಬರುವುದರಿಂದ ಆಡಿ, ಯೋಚಿಸಿ, ಬರೆಯಲು ಬಿಡುವಿರುತ್ತದೆ. ಈ ಪುಟಗಳಂಥವುಗಳಲ್ಲಿ ಧಾರಾವಾಹಿಯ ಪಕ್ಕಕ್ಕೆ ವಾರಕ್ಕೊಂದು ಅಂಕಣವಾದರೂ ಆಟಗಳಿಗೆ ಮೀಸಲಾದರೆ ಸಂಪಾದಕರಿಗೆ ಹೆಚ್ಚಿನ ಹೊರೆಯಾಗದು. ಸಿನಿಮಾಕ್ಕೆ ಕೊಟ್ಟ ಜಾಗದ ಹತ್ತರಲ್ಲೊಂದು ಪಾಲು ಸಾಕು.

ಟ್ರಂಕಿನ ಕಥೆಗೆ ಹಿಂದಿರುಗುತ್ತೇನೆ. ಅಂಚಿನಲ್ಲಿ ಅರ್ಥ ಬರೆದ ಆ ಗೆಳೆಯ ಹತ್ತನೆಯ ತರಗತಿಗೇ ಓದು ಬಿಟ್ಟು ಗಂಗಾವತಿಯ ಅಕ್ಕಿ ಗಿರಣಿಯೊಂದನ್ನು ಸೇರಿದವನು. ಆ ಪುಟದ ಫೋಟೋ ತೆಗೆದು ಕಳಿಸುತ್ತೇನೆಂದು ಫೋನು ಮಾಡಿದೆ. “ಫೋಟೋ ಬ್ಯಾಡಪ, ತೇರಿಗೆ ಬಂದಾಗ ನೋಡ್ತೀನಿ, ತಗದಿಡು,” ಎಂದ. ತೇರಿನ ಮರುದಿನ ಹೆಂಡತಿ ಮಕ್ಕಳೊಡನೆ ಬಂದ. ಜಗುಲಿಯ ಮೇಲೆ ಕುಳಿತು, ಅಂಗೈಯನ್ನು ಧೋತರಕ್ಕೆ ಒರಸಿಕೊಂಡು, ಹಾಳೆ ಹರಿಯದಂತೆ ಮೆಲ್ಲಗೆ ತಿರುವಿದ. ತನ್ನ ಅಕ್ಷರದ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದ. ಅಕ್ಕನ ಮಗ ಬಗ್ಗಿ ನೋಡಿ, “ಬಾಸ್ ಅಂದ್ರ ಊರ ಗೌಡ ಅಲ್ರೀ ಕಾಕಾ,” ಎಂದು ನಗುತ್ತ ತಿದ್ದಲು ಹೋದ. ಗೆಳೆಯ ಅವನ ಮುಖ ನೋಡಿದ. “ಮತ್ತೇನಂತ ಬರೀಬೇಕಪ? ಹೇಳು, ಬರಿಯೂಣು,” ಎಂದು ಪೆನ್ಸಿಲು ಕೇಳಿದ. ಹುಡುಗನಿಗೆ ಕನ್ನಡದ ಶಬ್ದ ತಟ್ಟನೆ ಹೊಳೆಯಲಿಲ್ಲ. ಒಳಗಿನಿಂದ ಪೆನ್ಸಿಲು ತಂದುಕೊಟ್ಟು ಅವನೂ ಪಕ್ಕದಲ್ಲಿ ಕುಳಿತ.