ಒಂದೇ ಏಟಿಗೆ ಸಾವಿರ ಹೆಸರು ತಿದ್ದುವ ಮುನ್ನ

ಕೆಲವು ವರ್ಷಗಳ ಹಿಂದಿನ ಮಾತು. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗೈರುಹಾಜರಾದ ಮಕ್ಕಳ ಮುಂದೆ ಇಂಗ್ಲಿಷಿನ ‘ಎ’, ‘ಬಿ’ ಎಂಬ ಎರಡು ಅಕ್ಷರ ಹಾಕಿದ್ದೆ. ಆಮೇಲೆ ಅಲ್ಲಿ ಸೊನ್ನೆ ಇರಬೇಕೆಂದು ತಿಳಿಯಿತು. ಒಂದೊಂದಾಗಿ ತಿದ್ದುತ್ತ ಕೂಡುವವರಾರು? ‘ಹುಡುಕು, ಎಲ್ಲವನ್ನೂ ಬದಲಿಸು’ ಎಂಬ ಆಜ್ಞೆ ಕೊಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯಿತು. ಕಡತವನ್ನು ಉಳಿಸಿ, ಮುಚ್ಚಿ, ಚಹಾ ಕುಡಿದು ಬಂದೆ.

ಮತ್ತೆ ತೆರೆದು ನೋಡಿದಾಗ ಎದೆ ಧಸಕ್ಕೆಂದಿತು. ಶರಣಬಸಪ್ಪ, ಅಬ್ದುಲ್, ಬಾಬು, ಪ್ರಭಾವತಿ ಈ ಹೆಸರುಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದರೆ ‘ಎ’ ಪಕ್ಕದಲ್ಲಿ ‘ಬಿ’ ಬರುತ್ತದೆ. ಅಲ್ಲೆಲ್ಲ ಎರಡಕ್ಷರ ಹೋಗಿ ಒಂದು ಸೊನ್ನೆ ಕುಳಿತಿತ್ತು. ನಮ್ಮ ಕಡೆ ಶರಣಬಸಪ್ಪನಿಲ್ಲದ ತರಗತಿ ಉಂಟೇ? ಹಾಜರಿ ಪುಸ್ತಕ ಮುಂದಿಟ್ಟುಕೊಂಡು ರಾತ್ರಿಯವರೆಗೆ ಹೆಸರು ತಿದ್ದಿದೆ.

ಯಂತ್ರ ತಪ್ಪು ಮಾಡಿರಲಿಲ್ಲ. ನಾನು ಅದಕ್ಕೆ ಅಕ್ಷರ ಹೇಳಿದ್ದೆ, ಅರ್ಥ ಹೇಳಿರಲಿಲ್ಲ. ಈ ಚಿಕ್ಕ ಪಾಠ ಅಂಕಪಟ್ಟಿಗೆ ಎಷ್ಟು ಅನ್ವಯಿಸುತ್ತದೋ ನಮ್ಮ ಹೊಲಕ್ಕೆ ನೀರು ತರುವ ಕಾಲುವೆಗೂ ಅಷ್ಟೇ ಅನ್ವಯಿಸುತ್ತದೆ.

ಕಾಲುವೆಗೂ ಕಂಪ್ಯೂಟರಿಗೂ ನಂಟು

ನಾರಾಯಣಪುರ ಎಡದಂಡೆ ಕಾಲುವೆ ಯಾದಗಿರಿ, ಶಹಾಪುರ, ಸುರಪುರದ ಮಕ್ಕಳಿಗೆ ಹೊಸದಲ್ಲ. ಕೃಷ್ಣೆಗೆ ಕಟ್ಟಿದ ಬಸವಸಾಗರದಿಂದ ಹೊರಡುವ ಈ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ಯೋಜನೆಯನ್ನು 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್. ಅಚ್ಚುಕಟ್ಟು ಪ್ರದೇಶ 4.5 ಲಕ್ಷ ಹೆಕ್ಟೇರ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಗ್ರಾಮಗಳ ರೈತರಿಗೆ ಇದರ ಪ್ರಯೋಜನ. ಕಾಲುವೆಯ ಗೇಟುಗಳನ್ನು ದೂರದಿಂದಲೇ ನೋಡಿ ನಿಯಂತ್ರಿಸುವ ‘ಸ್ಕಾಡಾ’ ವ್ಯವಸ್ಥೆಯೂ ಇಲ್ಲಿ ಬಂದಿದೆ.

ಇಂಥ ಒಂದು ಗೇಟಿನ ಬಳಿ ಯಂತ್ರ ಏನೇನನ್ನು ಅಳೆಯುತ್ತದೆ? ಗೇಟಿನ ಮೇಲ್ಭಾಗದ ನೀರಿನ ಮಟ್ಟ, ಕೆಳಭಾಗದ ಮಟ್ಟ, ಗೇಟು ಎಷ್ಟು ತೆರೆದಿದೆ ಎಂಬುದು. ಈ ಮೂರು ಗೊತ್ತಾದರೆ ಹರಿಯುವ ನೀರಿನ ಪ್ರಮಾಣವನ್ನು ಲೆಕ್ಕ ಹಾಕಬಹುದು. ಜೊತೆಗೆ ಬ್ಯಾಟರಿಯ ಸ್ಥಿತಿ. ಹೀಗೆ ಬರುವ ಪ್ರತಿಯೊಂದು ಅಂಕಿಗೂ ಒಂದು ಹೆಸರು ಬೇಕು. ಇಲ್ಲದಿದ್ದರೆ ‘1.8’ ಎಂಬುದು ಎಲ್ಲಿಯ ಮಟ್ಟ, ಯಾವ ಗೇಟಿನದು ಎಂದು ತಿಳಿಯುವುದು ಹೇಗೆ? ಆ ಹೆಸರೇ ‘ಟ್ಯಾಗ್’. ಜಾತ್ರೆಯಲ್ಲಿ ಚಪ್ಪಲಿ ಬಿಟ್ಟಾಗ ಕೊಡುವ ಬಿಲ್ಲೆ ಇದ್ದಂತೆ.

ಗೇಟಿಗೆ ನಾಲ್ಕು ಹೆಸರಾದರೆ ಸಾವಿರ ಗೇಟಿಗೆ ನಾಲ್ಕು ಸಾವಿರ. ಒಂದನ್ನು ತಿದ್ದಲು ಒಂದು ನಿಮಿಷವೆಂದರೂ ದಿನಕ್ಕೆ 8 ಗಂಟೆಯಂತೆ ಎಂಟು ದಿನಕ್ಕೂ ಹೆಚ್ಚು ಬೇಕು. ಆದ್ದರಿಂದಲೇ ಇಂಥ ತಂತ್ರಾಂಶಗಳಲ್ಲಿ ಎಲ್ಲ ಹೆಸರುಗಳನ್ನೂ ಕೋಷ್ಟಕವಾಗಿ ಹೊರತೆಗೆದು, ಒಟ್ಟಿಗೆ ತಿದ್ದಿ, ಮತ್ತೆ ಒಳಸೇರಿಸುವ ಸೌಲಭ್ಯ ಇರುತ್ತದೆ. ಇದಕ್ಕೆ ಸಗಟು ತಿದ್ದುಪಡಿ ಎನ್ನೋಣ.

ಎರಡು ‘ಬಿಸಿ’ಗಳ ಕಥೆ

ಅಪಾಯ ಎಲ್ಲಿದೆ ನೋಡಿ. ಶಹಾಪುರ ಶಾಖಾ ಕಾಲುವೆಯನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ‘ಎಸ್‌ಬಿಸಿ’ ಎನ್ನುತ್ತಾರೆ. ಮುದಬಾಳ ಶಾಖೆ ‘ಎಂಬಿಸಿ’, ಜೇವರ್ಗಿ ಶಾಖೆ ‘ಜೆಬಿಸಿ’. ಇಲ್ಲಿ ‘ಬಿಸಿ’ ಎಂದರೆ ಬ್ರ್ಯಾಂಚ್ ಕೆನಾಲ್, ಅಂದರೆ ಶಾಖಾ ಕಾಲುವೆ. ಆದರೆ ನಾರಾಯಣಪುರ ಎಡದಂಡೆ ಕಾಲುವೆ ‘ಎನ್‌ಎಲ್‌ಬಿಸಿ’. ಇಲ್ಲಿನ ‘ಬಿಸಿ’ ಬ್ಯಾಂಕ್ ಕೆನಾಲ್, ಅಂದರೆ ದಂಡೆಯ ಕಾಲುವೆ. ಅಕ್ಷರ ಎರಡೇ, ಅರ್ಥ ಬೇರೆ ಬೇರೆ.

ಈಗ ಪಾಠಕ್ಕಾಗಿ ಒಂದು ಪಟ್ಟಿ ಊಹಿಸಿಕೊಳ್ಳಿ. ಟ್ಯಾಗುಗಳಲ್ಲಿ ಈ ಚಿಕ್ಕ ಹೆಸರುಗಳಿವೆ. ಯಾರೋ ಉತ್ಸಾಹಿ ತರುಣ ‘ಬಿಸಿ’ ಇರುವಲ್ಲೆಲ್ಲ ‘ಶಾಖೆ’ ಎಂದು ಬದಲಿಸಿದ. ಆಗ ಮುಖ್ಯ ಕಾಲುವೆಯೂ ಶಾಖೆಯಾಗಿಬಿಡುತ್ತದೆ! ‘ಎಲ್ಲ ಶಾಖೆಗಳ ಲೆಕ್ಕ ಕೊಡು’ ಎಂದರೆ ಮುಖ್ಯ ಕಾಲುವೆಯ ನೀರೂ ಅದರಲ್ಲಿ ಕೂಡಿ ಬರುತ್ತದೆ. ಒಂದೇ ನೀರು ಎರಡು ಸಲ ಎಣಿಕೆಯಾಗುತ್ತದೆ. ಇನ್ನು ಎರಡು ಗೇಟುಗಳ ಹೆಸರು ಅದಲುಬದಲಾದರಂತೂ ಪರದೆಯ ಮೇಲೆ ‘ನೀರು ತಲುಪಿದೆ’ ಎಂದು ಕಾಣುತ್ತದೆ, ಕಾಲುವೆಯ ಕೊನೆಯ ಹೊಲದಲ್ಲಿ ಭತ್ತದ ಪೈರು ಒಣಗುತ್ತಿರುತ್ತದೆ. ಇಂಥದ್ದು ಇಲ್ಲಿ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ಹೆಸರು ತಪ್ಪಿದರೆ ಪೆಟ್ಟು ಬೀಳುವುದು ಯಾರಿಗೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಬೆಂಗಳೂರು, ಹೈದರಾಬಾದಿನ ದೊಡ್ಡ ಕಟ್ಟಡಗಳಲ್ಲೂ ಇದೇ ಕಥೆ. ಪ್ರತಿ ಮಹಡಿಯ ಉಷ್ಣತೆ, ಗಾಳಿ, ದೀಪ, ಪಂಪುಗಳ ಮೇಲೆ ಒಂದು ಕಂಪ್ಯೂಟರ್ ಕಣ್ಣಿಟ್ಟಿರುತ್ತದೆ. ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯ ಟ್ಯಾಗ್ ಉಗ್ರಾಣಕ್ಕೆ ಅಂಟಿಕೊಂಡರೆ ಏನಾದೀತು, ಯೋಚಿಸಿ. ಈ ತೊಡಕು ಬಿಡಿಸಲು 2011ರಲ್ಲಿ ‘ಪ್ರಾಜೆಕ್ಟ್ ಹೇಸ್ಟ್ಯಾಕ್’ ಎಂಬ ಮುಕ್ತ ಪ್ರಯತ್ನ ಆರಂಭವಾಯಿತು. ಒಂದೇ ಉದ್ದನೆಯ ಹೆಸರಿನ ಬದಲು ಗಾಳಿ, ಉಷ್ಣತೆ, ಸಂವೇದಕ ಎಂದು ಅರ್ಥವುಳ್ಳ ಬಿಡಿ ಟ್ಯಾಗುಗಳನ್ನು ಅಂಟಿಸುವುದು ಅದರ ಕ್ರಮ. ಆಗ ಅಕ್ಷರ ನೋಡಿ ಹುಡುಕಬೇಕಿಲ್ಲ, ಅರ್ಥ ನೋಡಿ ಆರಿಸಬಹುದು. ‘ಎರಡನೇ ಮಹಡಿಯ ಗಾಳಿಯ ಉಷ್ಣತೆ ಅಳೆಯುವ ಎಲ್ಲ ಸಂವೇದಕಗಳು’ ಎಂದರೆ ಅವು ಮಾತ್ರ ಬರುತ್ತವೆ.

ಹೆಸರು ಬದಲಾದರೂ ನಂಬರು ಬದಲಾಗದು

ಪಾಲಕರಿಗೆ ಈ ಕಷ್ಟ ಹೊಸದಲ್ಲ. ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಎಂದು ಕಚೇರಿಗೆ ಅಲೆದವರು ಎಷ್ಟು ಜನರಿಲ್ಲ! ನಮ್ಮ ಸುರಪುರವನ್ನೇ ನೋಡಿ. ಇಂಗ್ಲಿಷಿನಲ್ಲಿ ಒಬ್ಬರು ‘ಸುರ್‌ಪುರ್’ ಎಂದು ಬರೆದರೆ ಇನ್ನೊಬ್ಬರು ‘ಶೋರಾಪುರ್’ ಎಂದು ಬರೆಯುತ್ತಾರೆ. ಊರಿನವನಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡು ಊರು. 2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ಆದರೂ ನಿಮ್ಮ ಪತ್ರ ದಾರಿ ತಪ್ಪಲಿಲ್ಲ. ಏಕೆ? 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಇದೆಯಲ್ಲ! ಯಾದಗಿರಿ 585201, ಶಹಾಪುರ 585223, ಸುರಪುರ 585224. ಜಿಲ್ಲೆ ಬೇರೆಯಾದರೂ ಮೊದಲಿನ 585 ಹಾಗೇ ಉಳಿಯಿತು.

ಒಳ್ಳೆಯ ತಂತ್ರಾಂಶವೂ ಹೀಗೆಯೇ. ಮನುಷ್ಯರು ಓದಲು ಒಂದು ಹೆಸರು, ಯಂತ್ರ ಗುರುತಿಸಲು ಬದಲಾಗದ ಒಂದು ನಂಬರು. ಸಗಟಾಗಿ ತಿದ್ದುವುದಾದರೆ ಹೆಸರನ್ನು ತಿದ್ದಬೇಕು, ನಂಬರನ್ನು ಮುಟ್ಟಬಾರದು.

ನೆನಪಿಡಬೇಕಾದ ಐದು ಮಾತು

ವಿದ್ಯಾರ್ಥಿಗಳೇ, ಇವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

1. ತಿದ್ದುವ ಮೊದಲು ಮೂಲದ ಒಂದು ಪ್ರತಿ ತೆಗೆದಿಡಿ.

2. ಯಾವ ಕಾಲಂ ಬೇಕೋ ಅದನ್ನಷ್ಟೇ ಆರಿಸಿ. ಇಡೀ ಹಾಳೆಗೆ ಆಜ್ಞೆ ಕೊಡಬೇಡಿ.

3. ‘ಪೂರ್ಣ ಮನೆ ಹೊಂದಬೇಕು’ ಎಂಬ ಆಯ್ಕೆ ಕೋಷ್ಟಕದ ತಂತ್ರಾಂಶಗಳಲ್ಲಿರುತ್ತದೆ. ಅದನ್ನು ಗುರುತು ಮಾಡಿದ್ದರೆ ನನ್ನ ಶರಣಬಸಪ್ಪ ಉಳಿಯುತ್ತಿದ್ದ.

4. ಮೊದಲು ಐದು ಸಾಲಿನಲ್ಲಿ ಪ್ರಯೋಗ ಮಾಡಿ ನೋಡಿ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕುವುದಿಲ್ಲವೇ, ಹಾಗೆ.

5. ಎಷ್ಟು ಬದಲಾಗಬೇಕು ಎಂದು ಮೊದಲೇ ಎಣಿಸಿ. ಗೈರುಹಾಜರಾದವರು 12, ಬದಲಾದದ್ದು 31 ಎಂದರೆ ಅಲ್ಲೇ ನಿಲ್ಲಿಸಿ.

ಮನೆಯಲ್ಲಿ ಕಂಪ್ಯೂಟರ್ ಇಲ್ಲ ಎಂದು ಯಾರೂ ಕುಗ್ಗಬೇಕಿಲ್ಲ. ನಿಮ್ಮ ಶಾಲೆಯ ಕೊಠಡಿ, ಫ್ಯಾನು, ದೀಪ, ನಲ್ಲಿಗಳಿಗೆ ಹಾಳೆಯ ಮೇಲೆ ಟ್ಯಾಗ್ ಕೊಡಿ. ಆಮೇಲೆ ಗೆಳೆಯನ ಕೈಗೆ ಆ ಪಟ್ಟಿ ಕೊಟ್ಟು, ಕೆಟ್ಟಿರುವ ಫ್ಯಾನ್ ಯಾವುದೆಂದು ಪಟ್ಟಿ ನೋಡಿಯೇ ಹುಡುಕಲು ಹೇಳಿ. ಅವನು ನಿಮ್ಮನ್ನು ಕೇಳದೆ ಅದನ್ನು ತಲುಪಿದರೆ ನೀವಿಟ್ಟ ಹೆಸರು ಸರಿಯಾಗಿದೆ.

ಇಂದು ಬೆಂಚಿನ ಮೇಲೆ ಕುಳಿತಿರುವ ನಿಮ್ಮಲ್ಲಿ ಯಾರೋ ಒಬ್ಬರು ನಾಳೆ ಕಾಲುವೆಯ ನಿಯಂತ್ರಣ ಕೊಠಡಿಯಲ್ಲೋ ಆಸ್ಪತ್ರೆಯ ಕಟ್ಟಡದಲ್ಲೋ ಕುಳಿತು ಆ ಗುಂಡಿಯ ಮೇಲೆ ಬೆರಳಿಡುವವರು. ಒತ್ತುವ ಮುಂಚೆ ಒಂದು ಗಳಿಗೆ ತಡೆದು, ಈ ಹೆಸರಿನ ಹಿಂದೆ ಯಾರ ಹೊಲವಿದೆ, ಯಾರ ಹಾಸಿಗೆಯಿದೆ ಎಂದು ಕೇಳಿಕೊಳ್ಳಿ.